ಶಂಕರೆಪ್ಪ ಮನೆಗೆ ಬುರುಗು ಹೊಡೆಸಿದ್ದು

"ಈ ಸಲ ನೋಡಕೋಂತ ಇರ್ರಿ. ಮಹಾಬಳೇಶ್ವರದ ತಂಪ ತಂದು ಬನಹಟ್ಟಿಯೊಳಗ ನಮ್ಮ ಮನ್ಯಾಗ ಕಟ್ಟಿ ಹಾಕ್ತೀನಿ!"

ಹೀಗೆಂದು ನೂಲಿನ ವ್ಯಾಪಾರಿ ಶಂಕರೆಪ್ಪ ಚಹಾದಂಗಡಿಯ ಮುಂದೆ ನಿಂತು ಘೋಷಣೆ ಮಾಡಿದಾಗ ಯಾರೂ ನಗಲಿಲ್ಲ. ನಗುವುದಕ್ಕೂ ಮೈಯಲ್ಲಿ ಒಂದಿಷ್ಟು ತ್ರಾಣ ಬೇಕಲ್ಲ! ಏಪ್ರಿಲ್ ತಿಂಗಳ ಬಿಸಿಲು ಅದನ್ನು ಬೆಳಿಗ್ಗೆಯೇ ವಸೂಲಿ ಮಾಡಿಕೊಂಡು ಹೋಗಿತ್ತು. ಬಿಸಿಲಿನ ಬೆನ್ನಿಗೆ ಬಿಸಿಗಾಳಿ. ಆ ಗಾಳಿ ಪಾವರ್‌ಲೂಮಿನ ಶೆಡ್ಡುಗಳಿಂದ ಹತ್ತಿಯ ಧೂಳನ್ನು ಎತ್ತಿ ತಂದು, ಯಾರೂ ಕೇಳದಿದ್ದರೂ ಮನೆಮನೆಗೆ ಹಂಚುತ್ತಿತ್ತು.

ಶಂಕರೆಪ್ಪನಿಗೆ ಮಹಾಬಳೇಶ್ವರದ ಅವಸರ ಬಿದ್ದದ್ದಕ್ಕೆ ಕಾರಣವಿತ್ತು. ಅವನ ಹೆಂಡತಿ ರುಕ್ಮವ್ವ ತವರು ಸೇರಿದ್ದಳು.

ಎಲ್ಲ ಶುರುವಾದದ್ದು ಹಿಂದಿನ ವರ್ಷ. ಅಜ್ಜನ ಕಾಲದ ಮಣ್ಣಿನ ಮಾಳಿಗೆ ಮನೆಯನ್ನು ಕೆಡವಿ, ಓಣಿಗೇ ಮೊದಲನೆಯ ಸ್ಲ್ಯಾಬಿನ ಮನೆಯನ್ನು ಶಂಕರೆಪ್ಪ ಕಟ್ಟಿಸಿದ. ಕೆಡವುವ ದಿನ ತಾಯಿ ಅನಸವ್ವ ಕಂಬ ತಬ್ಬಿಕೊಂಡು ನಿಂತಳು. "ಬ್ಯಾಡೋ ಶಂಕ್ರ್ಯಾ, ಮ್ಯಾಳಿಗಿ ಅಂದ್ರ ತಂಪ ಇರತೈತಿ." ರುಕ್ಮವ್ವ ಪಕ್ಕದಲ್ಲಿ ನಿಂತು "ಖರೆ ಐತ್ರಿ" ಎಂದಳು. ಅತ್ತೆ ಸೊಸೆ ಇಬ್ಬರೂ ಒಂದೇ ಮಾತು ಆಡಿದ್ದು ಮದುವೆಯಾದಾಗಿನಿಂದ ಅದೇ ಮೊದಲು. ಅಷ್ಟರಿಂದಲಾದರೂ ಅವನಿಗೆ ತಿಳಿಯಬೇಕಿತ್ತು. "ಮಣ್ಣಾಗ ಹೆಗ್ಗಣ ಇರ್ತಾವ. ನಾವು ಮನಿಷ್ಯಾರು!" ಎಂದು ಅವನು ಗುದ್ದಲಿ ಹಿಡಿದವರಿಗೆ ಸನ್ನೆ ಮಾಡಿದ.

ಶಿವರಾತ್ರಿ ದಾಟಿದ್ದೇ ತಡ, ಸ್ಲ್ಯಾಬು ತನ್ನ ಗುಣ ತೋರಿಸಿತು. ಹಗಲೆಲ್ಲ ನುಂಗಿದ ಬಿಸಿಲನ್ನು ಅದು ರಾತ್ರಿಯೆಲ್ಲ ಕಕ್ಕುತ್ತಿತ್ತು. ಫ್ಯಾನು ಹಾಕಿದರೆ ಒಲೆಗೆ ಊದುಗೊಳವೆ ಹಿಡಿದ ಹಾಗೆ. ಹಾಕದಿದ್ದರೆ ಒಲೆಯೊಳಗೇ ಕೂತ ಹಾಗೆ. ಒಂದು ದಿನ ರುಕ್ಮವ್ವ ಟ್ರಂಕು ಎತ್ತಿಕೊಂಡಳು.

"ಎಲ್ಲಿಗಿ?"

"ಹುನ್ನೂರಿಗಿ. ನಮ್ಮಪ್ಪನ ಮನ್ಯಾಗ ಇನ್ನೂ ಹೆಗ್ಗಣ ಅದಾವ್ರಿ. ಆದ್ರ ನಿದ್ದಿ ಬರತೈತಿ."

"ತಿರಗಿ ಯಾವಾಗ ಬರಾಕಿ?"

"ಮನಿ ತಂಪ ಮಾಡಿ, ಬರೂ ಅಮಾಸಿ ಒಳಗ ನೀವ ಬಂದು ಕರೀರಿ. ಇಲ್ಲಾಂದ್ರ ಮಳಿ ಬಿದ್ದ ಮ್ಯಾಲ ಬರ್ತೀನಿ. ಮಳೀನ ಬೀಳಲಿಲ್ಲಂದ್ರ ದೇವರ ಇಚ್ಛಾ!"

"ಹೋಗಲಿ ಬಿಡು, ನನ್ನ ಕಿವಿಗೂ ಸೂಟಿ ಬೇಕಿತ್ತು" ಎಂದಳು ಅನಸವ್ವ. ಆದರೆ ಅಂದು ಸಂಜೆಯಿಂದಲೇ ಮುದುಕಿ ಕಟ್ಟೆಯ ಮೇಲೆ ಕೂತು ಜಮಖಂಡಿ ಕಡೆಯ ಬಸ್ಸುಗಳ ದಾರಿ ಕಾಯತೊಡಗಿದಳು. ಜಗಳಕ್ಕೆ ಜೊತೆಯಿಲ್ಲದೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಊಟವೂ ಎಂಥದ್ದು! ಶಂಕರೆಪ್ಪ ಬಡಿದ ಜೋಳದ ರೊಟ್ಟಿ ಹಂಚು ಮುಟ್ಟುವ ಮೊದಲೇ ಹರಿದು ತುಂಡಾಗುತ್ತಿತ್ತು. ಆ ತುಂಡುಗಳನ್ನು ಜಗಿಯುವಾಗ ಅವನಿಗೆ ಹೆಂಡತಿಯ ನೆನಪಾಗುತ್ತಿತ್ತು. ಖರೇ ಹೇಳಬೇಕೆಂದರೆ ಅವಳಿಲ್ಲದ ಮನೆ ಅವನಿಗೆ ಬೇಡವಾಗಿತ್ತು. ಆದರೆ ಸ್ಲ್ಯಾಬು ತಪ್ಪಾಯಿತೆಂದು ಒಪ್ಪಿಕೊಳ್ಳುವುದು ಅದಕ್ಕಿಂತ ಬೇಡವಾಗಿತ್ತು.

ಆಗ ಸಿಕ್ಕವನೇ ಗಂಗಾರಾಮ. ಸಾಂಗ್ಲಿ ಕಡೆ ಐಸ್ ಫ್ಯಾಕ್ಟರಿಗಳಿಗೆ ನೊರೆಯಂಥ ಬುರುಗು ಹೊಡೆಯುವವನು. ಎರಡು ಡಬ್ಬಿಗಳ ಎರಡು ರಸ. ಮಷಿನ್ನಿನ ಪೈಪಿನ ತುದಿಯಲ್ಲಿ ಅವೆರಡೂ ಕೂಡಿ ಹೊರಗೆ ಚಿಮ್ಮುತ್ತವೆ. ಗೋಡೆಗೆ, ತಲೆಯ ಮೇಲಿನ ಛತ್ತಿಗೆ ಅಂಟಿದ ಕೂಡಲೇ ಉಬ್ಬುತ್ತವೆ, ಉಬ್ಬಿ ಗಟ್ಟಿಯಾಗುತ್ತವೆ. ಆಮೇಲೆ ಹೊರಗಿನ ಬಿಸಿ ಒಳಗಿಲ್ಲ, ಒಳಗಿನ ತಂಪು ಹೊರಗಿಲ್ಲ.

"ಐಸ್ ಕರಗಂಗಿಲ್ಲ ಅಂದ ಮ್ಯಾಲ ನೀವ್ಯಾಕ ಕರಗತೀರಿ ಸಾವಕಾರ್ರ?" ಎಂದ ಗಂಗಾರಾಮ. ಶಂಕರೆಪ್ಪ ಅಲ್ಲೇ ಕರಗಿಹೋದ.

ಅಮಾವಾಸ್ಯೆಗೆ ಒಂದೇ ದಿನ ಉಳಿದಿದ್ದಾಗ ಮಷಿನ್ನು ಬಂತು. ಬೆಳಗಿನ ಹೊತ್ತಿನಲ್ಲೇ ಪಡಸಾಲೆಯ ಛತ್ತಿಗೆ ಬುರುಗು ಹೊಡೆದಾಯಿತು. ಹಳದಿ ಬಣ್ಣದ ಗಂಟುಗಂಟು ಛತ್ತು! ಬಿಸಿಲು ನೆತ್ತಿಗೇರುವ ಹೊತ್ತಿಗೆ ಪಡಸಾಲೆ ನಿಜವಾಗಿಯೂ ತಣ್ಣಗಾಗಿತ್ತು. ಅನಸವ್ವ ಒಳಗೆ ಬಂದು ಕತ್ತೆತ್ತಿ ನೋಡಿದಳು.

"ಹೆಂಗೈತಿ ಯವ್ವಾ?"

"ಛತ್ತಿಗಿ ಗಜಕರ್ಣ ಆದಂಗಾಗೇತಿ. ಆದ್ರ ತಂಪ ಐತಿ ನೋಡು."

ಇನ್ನು ಒಳಗಿನ ಖೋಲಿ ಮಾತ್ರ ಬಾಕಿ. ಅದು ರುಕ್ಮವ್ವ ಮಲಗುವ ಖೋಲಿ. ಗಂಗಾರಾಮ ಪೈಪು ಎತ್ತಿದ. ಲೈಟು ಹೋಯಿತು!

"ಲೈಟ ಬರೂತನ ಡಬ್ಬಿ ಮುಟ್ಟಬ್ಯಾಡ್ರಿ" ಎಂದು ಹೇಳಿ ಗಂಗಾರಾಮ ಖಾನಾವಳಿಗೆ ಹೋದ. ಶಂಕರೆಪ್ಪ ಗಡಿಯಾರ ನೋಡಿದ, ಬಲ್ಬು ನೋಡಿದ, ಡಬ್ಬಿ ನೋಡಿದ. ಬೇಸಿಗೆಯಲ್ಲಿ ಹೋದ ಲೈಟು ಯಾವಾಗ ಬರುತ್ತದೆಂದು ಲೈಟು ಕೊಡುವವರಿಗೂ ಗೊತ್ತಿರುವುದಿಲ್ಲ. ಸಂಜೆಯೊಳಗೆ ಹುನ್ನೂರು ಮುಟ್ಟದಿದ್ದರೆ ಹೆಂಡತಿ ಮಳೆಗಾಲದ ಪಾಲು!

"ಮಷಿನ್ ಯಾಕ ಬೇಕು? ನಮ್ಮ ಮನಿತನ ಏನ ಸಣ್ಣದೇನು? ನಮ್ಮಜ್ಜ, ಮುತ್ತಜ್ಜ ಎಲ್ಲಾರೂ ನೂಲಿಗೆ ಗಂಜಿ ಹಚ್ಚಿದವರು!" ಎಂದು ತನಗೆ ತಾನೇ ಹೇಳಿಕೊಂಡ.

ಗಂಜಿ ಕಲಸುವ ತಗಡಿನ ಟಬ್ಬು ಬಂತು. ಗಂಜಿ ಹಚ್ಚುವ ದೊಡ್ಡ ಬ್ರಷ್ಷು ಬಂತು. ಎರಡೂ ಡಬ್ಬಿಯ ರಸ ಟಬ್ಬಿಗೆ ಬಿತ್ತು. ಒಂದು ಕಾಕಂಬಿಯಂತೆ ಕಪ್ಪು, ಇನ್ನೊಂದು ಜೇನಿನಂತೆ ಮಂದ. ಬ್ರಷ್ಷು ಅದ್ದಿ ನೋಡಿದ. ಬಹಳ ದಪ್ಪ! ಇಷ್ಟು ದಪ್ಪ ಗಂಜಿ ಹಚ್ಚಿದರೆ ಎಳೆ ಹರಿಯುತ್ತದೆಂದು ನೇಕಾರರ ಮನೆಯ ಕೂಸಿಗೂ ಗೊತ್ತು. ದಪ್ಪ ಗಂಜಿಗೆ ಮಾಡುವುದೇನು? ನೀರು ಹಾಕುವುದು. ಹಾಕಿದ, ಚರಗಿ ತುಂಬ! ಕೋಲಿನಿಂದ ಗರಗರ ತಿರುವಿದ. ಗಂಟು ಉಳಿದಿವೆಯೋ ಏನೋ ಎಂದು ಅಪ್ಪ ಕಲಿಸಿದ ರೀತಿಯಲ್ಲಿ ಟಬ್ಬಿಗೆ ಮುಖ ಹತ್ತಿರ ತಂದು ನೋಡಿದ.

ಆ ರಸಕ್ಕೆ ನೀರೆಂದರೆ ಉರಿಯುವ ಒಲೆಗೆ ಎಣ್ಣೆ ಸುರಿದ ಹಾಗೆಂದು ಅವನಿಗೆ ಹೇಳುವವರಾರು? ಟಬ್ಬು ಬಿಸಿಯಾಯಿತು. ಒಳಗಿನಿಂದ ಬುಸ್ಸೆಂದಿತು. ದೊಡ್ಡದೊಂದು ಗುಳ್ಳೆ ಎದ್ದು ಫಟ್ಟೆಂದು ಒಡೆಯಿತು. ಶಂಕರೆಪ್ಪನ ತಲೆ, ಹಣೆ, ಜಿಲ್ಲೆಯಲ್ಲೇ ಹೆಸರಾದ ಮೀಸೆ, ಎಲ್ಲ ಹಳದಿ! ಗಾಬರಿಯಲ್ಲಿ ರುಮಾಲಿನಿಂದ ಒರೆಸಿಕೊಳ್ಳಲು ಹೋದ. ರುಮಾಲು ತಲೆಗೆ ಅಂಟಿಕೊಂಡಿತು. ಅಷ್ಟರಲ್ಲಿ ಬುರುಗು ಟಬ್ಬಿನಿಂದ ಇಳಿದು ನೆಲಕ್ಕೆ ಬಂತು, ಮಂಚದ ಕಾಲು ಹಿಡಿಯಿತು, ಬಾಗಿಲಿನ ಕಡೆ ಹೊರಟಿತು. "ಏ, ನಿಲ್ಲು!" ಎಂದು ಶಂಕರೆಪ್ಪ ಎಮ್ಮೆಗೆ ಗದರಿಸಿದಂತೆ ಗದರಿಸಿದ. ಕಿಟಕಿಯಿಂದ ನುಗ್ಗಿದ ಗಾಳಿ ಹತ್ತಿಯ ಧೂಳನ್ನು ತಂದು ಅವನ ಮುಖಕ್ಕೆ ಹದವಾಗಿ ಮೆತ್ತಿತು.

ಗಂಗಾರಾಮ ಎಲೆ ಅಡಿಕೆ ಜಗಿಯುತ್ತ ಬಂದು ಹೊಸ್ತಿಲಲ್ಲೇ ನಿಂತ.

"ನೀರ ಹಾಕಿದ್ರೇನ್ರಿ?"

"ನೀರ ಹಾಕಲಾರದ ಗಂಜಿ ಹೆಂಗ ಆಗತೈತಿ?"

ಯಾವ ಎಣ್ಣೆಗೂ, ಯಾವ ಸಾಬೂನಿಗೂ ಅದು ಬಿಡುವುದಿಲ್ಲ, ಕತ್ತಿಯೇ ಗತಿ ಎಂದಷ್ಟೇ ಹೇಳಿ, ಗಂಗಾರಾಮ ಮಷಿನ್ನು ಸುತ್ತಿಕೊಂಡು ಸಾಂಗ್ಲಿಯ ದಾರಿ ಹಿಡಿದ.

ಕ್ಷೌರಿಕ ಹುಲೆಪ್ಪ ಬಂದ. ರುಮಾಲಿನ ಸಮೇತ ತಲೆ ಬೋಳಾಯಿತು. ಮೀಸೆಗೆ ಬಂದಾಗ ಹುಲೆಪ್ಪ ಕತ್ತಿ ಕೆಳಗಿಟ್ಟ. ಶಂಕರೆಪ್ಪನ ಮನೆತನದಲ್ಲಿ ತಲೆ, ಮೀಸೆ ಎರಡೂ ತೆಗೆಯುವುದು ತಂದೆ ಇಲ್ಲವೆ ತಾಯಿ ತೀರಿದಾಗ ಮಾತ್ರ. ತಂದೆ ತೀರಿ ಎಷ್ಟೋ ವರ್ಷವಾಗಿತ್ತು.

"ನನ್ನ ಕೈಲೆ ಆಗೂದಿಲ್ರಿ. ಅವ್ವಾರು ಎದರಿಗೇ ಕುಂತು ಎಲಿ ಅಡಿಕಿ ತಿನ್ನಾಕತ್ತಾರ!"

"ತಗಿಯೋ ಹುಲೆಪ್ಪಾ" ಎಂದಳು ಅನಸವ್ವ. "ನನ್ನ ಪಾಲಿಂದು ಮುಂಗಡ ಆದಂಗಾತು."

ಮೀಸೆ ಹೋಯಿತು. ಕನ್ನಡಿಯಲ್ಲಿ ಸೋರೆಕಾಯಿ ನೋಡಿ ಶಂಕರೆಪ್ಪ ಎರಡು ನಿಟ್ಟುಸಿರು ಬಿಟ್ಟ. ಆದರೂ ಪಡಸಾಲೆ ತಂಪಾಗಿದೆಯಲ್ಲ! ಟೊಪ್ಪಿಗೆ ಏರಿಸಿಕೊಂಡು ಬಸ್ಸು ಹತ್ತಿದ. ದಾರಿಯುದ್ದಕ್ಕೂ ಹೆಂಡತಿಗೆ ಹೇಳಬೇಕಾದ ಮಾತುಗಳನ್ನು ಹೊಂದಿಸಿಕೊಂಡ. ಒಂದು ನೋಡಿದರೆ ಜಂಬ, ಇನ್ನೊಂದು ನೋಡಿದರೆ ಬೇಡಿಕೊಳ್ಳುವುದು.

ಹುನ್ನೂರಿನಲ್ಲಿ ಕಾಲಿಟ್ಟ ಕೂಡಲೇ ಗಾಳಿ ಟೊಪ್ಪಿಗೆಯನ್ನು ಕಿತ್ತುಕೊಂಡು ಕಬ್ಬಿನ ಹೊಲದತ್ತ ಓಡಿತು. ಕ್ಷೌರದ ಸಾಬೂನು ಹೊಕ್ಕು ಅವನ ಕಣ್ಣು ಕೆಂಡದಂತೆ ಕೆಂಪಾಗಿದ್ದವು, ನೀರೂ ಸುರಿಯುತ್ತಿತ್ತು. ನೀರಿಗೆ ಹೊರಟಿದ್ದ ಮಾವನ ನೆರೆಮನೆಯ ತಾರವ್ವ ಬೋಳು ತಲೆ, ಬೋಳು ತುಟಿ ನೋಡಿ ಕೊಡ ಇಳಿಸಿಯೇ ಬಿಟ್ಟಳು.

"ಅಯ್ಯ ನನ್ನಪ್ಪಾ! ಅನಸವ್ವಕ್ಕ ಹ್ವಾದ್ಳೇನೋ!"

"ಇಲ್ಲಬೇ, ಅದು ಬುರುಗು..." ಎಂದ ಶಂಕರೆಪ್ಪ.

"ಬಾಯಾಗ ಬುರುಗ ಬಂತಂತಬೇ!" ಎಂದು ತಾರವ್ವ ಊರಿಗೇ ಕೇಳುವಂತೆ ಬಾಯಿ ಬಡಿದುಕೊಂಡಳು. ಅವನು ಮಾವನ ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ರುಕ್ಮವ್ವ ಸೆರಗನ್ನು ಬಾಯಿಗೆ ಒತ್ತಿ ಹೊರಗೆ ಬಂದಳು. ಗಂಡನ ತಲೆ ನೋಡಿದಳು. ಟ್ರಂಕು ಎಲ್ಲಿದೆಯೆಂದು ಕೂಡ ನೋಡದೆ "ನಡೀರಿ, ನಮ್ಮ ಮನಿಗಿ ಹೋಗೂನು" ಎಂದಳು.

ನಮ್ಮ ಮನಿಗಿ! ಶಂಕರೆಪ್ಪನ ಬಾಯಿ ತೆರೆದದ್ದು ತೆರೆದೇ ಉಳಿಯಿತು. ಖರೇ ಹೇಳಿದರೆ? ಇವಳು ಇಲ್ಲೇ ಕೂತುಬಿಟ್ಟರೆ? ಜಂಬದ ಮಾತು ಬೇಡ, ಬೇಡಿಕೊಳ್ಳುವುದು ಬೇಡ, ಹೆಂಡತಿ ತಾನಾಗಿ ಹೊರಟಿದ್ದಾಳೆ. ಮನೆಗೆ ಹೋದ ಮೇಲೆ ಹೇಳಿದರಾಯಿತೆಂದು ಅವನು ಬಾಯಿ ಮುಚ್ಚಿಕೊಂಡ.

ಭಾವಮೈದುನ ಗೂಳಪ್ಪ ಡ್ರೈವರನ ಸಮೇತ ಟೆಂಪೊ ತಂದ. ಹೆಂಗಸರು ಹತ್ತಿದರು. ನಾಲ್ಕು ಜನರ ಮುಂದೆ ಗಂಡನ ನೆರಳೂ ಸೋಕದ ರುಕ್ಮವ್ವ ದಾರಿಯುದ್ದಕ್ಕೂ ಅವನ ಕೈ ಹಿಡಿದುಕೊಂಡು ಕೂತಿದ್ದಳು. "ನೀವು ಎದಿಗುಂದಬ್ಯಾಡ್ರಿ. ನಾ ಅದೀನಿ" ಎಂದಳು. ಶಂಕರೆಪ್ಪನಿಗೆ ಅಳು ನಿಜವಾಗಿಯೂ ಬಂತು. ಇಂಥ ಹೆಂಗಸಿಗೆ ಮೋಸ ಮಾಡುತ್ತಿದ್ದೇನಲ್ಲ ಎಂದು ನಾಚಿಕೆಯಾಗಿ, ಬನಹಟ್ಟಿ ಹತ್ತಿರ ಬಂದಾಗ ಹೇಳೇಬಿಡಬೇಕೆಂದು ಕೆಮ್ಮಿದ. "ಅಳಬ್ಯಾಡ್ರಿ ಮಾವಾ" ಎಂದು ಗೂಳಪ್ಪ ಇನ್ನೊಂದು ಕೈ ಹಿಡಿದುಕೊಂಡ.

ಇತ್ತ ಅನಸವ್ವ ಏನು ಮಾಡುತ್ತಿದ್ದಳು? ತಿಂಗಳುಗಟ್ಟಲೆ ಸೆಕೆಯಲ್ಲಿ ಕಣ್ಣು ಮುಚ್ಚದ ಜೀವ. ತಂಪಾದ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತವಳಿಗೆ ಕೂತಲ್ಲೇ ಗಾಢ ನಿದ್ದೆ ಹತ್ತಿತ್ತು. ಅವರ ಕುಲದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ ಕೂಡಿಸುತ್ತಾರೆ.

ರುಕ್ಮವ್ವ ಓಣಿಯ ಮೂಲೆಯಿಂದಲೇ ಹಾಡ್ಯಾಡಿ ಅಳುತ್ತ ಬಂದಳು. ಬಾಗಿಲಿನಿಂದ ಅತ್ತೆಯನ್ನು ನೋಡಿದ್ದೇ ಒಳಗೆ ಬಂದು ಎದುರಿಗೆ ಕುಸಿದು ಕೂತಳು. ಶಂಕರೆಪ್ಪ "ಏ, ತಡಿ..." ಎಂದ. ಕೇಳುವವರಾರು!

"ಹಡದವ್ವಗಿಂತ ಹೆಚ್ಚಿನಾಕಿ, ನನ್ನ ಬಿಟ್ಟು ಹೆಂಗ ಹ್ವಾದಿಬೇ ಅತ್ತೀ! ಜ್ವರ ಬಂದಾಗ ನನ್ನ ಕಾಲ ಒತ್ತಿ, ಯಾರಿಗೂ ಹೇಳಬ್ಯಾಡ ಅಂದಿದ್ದೆಲ್ಲಬೇ! ಹಗಲೆಲ್ಲಾ ಬೈದು, ಬಿಸಿ ರೊಟ್ಟಿ ನನಗ ತಗದಿಡ್ತಿದ್ದೆಲ್ಲಬೇ! ಇನ್ನ ನಾ ಯಾರ ಜೋಡಿ ಜಗಳಾಡ್ಲಿ, ಯಾರ ಜೋಡಿ ಉಣ್ಣಲಿ!"

ಅನಸವ್ವನಿಗೆ ಎಚ್ಚರವಾಯಿತು. ಆದರೆ ಕಣ್ಣು ತೆರೆಯಲಿಲ್ಲ. ಇಂಥ ಮಾತು ಕೇಳುವ ಯೋಗ ಎಷ್ಟು ಅತ್ತೆಯರಿಗೆ ಬರುತ್ತದೆ!

"ಮ್ಯಾಳಿಗಿ ಕೆಡವಬ್ಯಾಡ ಅಂತ ಕಂಬ ಹಿಡದು ಬಡಕೊಂಡಿ, ನಿನ್ನ ಮಗ ಕೇಳಲಿಲ್ಲಬೇ ಅತ್ತೀ! ನೂಲ ಮಾರಿ ಮಾರಿ ತಲಿಯೊಳಗೂ ಹತ್ತೀನ ತುಂಬೇತಬೇ! ತಾ ಮಾಡಿದ್ದ ಖರೆ, ತಾ ಹೇಳಿದ್ದ ಶಾಸನ! ರೊಟ್ಟಿ ಬಡಿಯಾಕ ಬರೂದಿಲ್ಲ, ತಪ್ಪಾತು ಅನ್ನಾಕಂತೂ ಮೊದಲ ಬರೂದಿಲ್ಲ..."

ಓಣಿಯ ಜನವೆಲ್ಲ ಬಾಗಿಲಿಗೆ ಬಂದು ಕಿವಿಗೊಟ್ಟಿತ್ತು. ಶಂಕರೆಪ್ಪನಿಗೆ ತಡೆಯಲಾಗಲಿಲ್ಲ.

"ಅವ್ವ ಸತ್ತಿಲ್ಲ! ಬುರುಗು ಹತ್ತಿ ತಲಿ ಬೋಳಿಸೀನಿ! ತಪ್ಪಾತು, ನಂದು ತಪ್ಪಾತು!" ಎಂದು ಕೂಗಿಬಿಟ್ಟ.

ರುಕ್ಮವ್ವನ ಅಳು ಅರ್ಧಕ್ಕೇ ನಿಂತಿತು. ಅನಸವ್ವ ನಿಧಾನವಾಗಿ ಕಣ್ಣು ತೆರೆದು, ಸೊಸೆಯ ಮಂಡಿಯ ಮೇಲೆ ಕೈ ಇಟ್ಟಳು.

"ಯಾಕ ನಿಲ್ಲಿಸಿದಿಬೇ? ನನ್ನ ಹೊಗಳೂದು ಸಾಕು. ಅವನ್ನ ಬಯ್ಯೂದು ಈಗಿನ್ನೂ ಛಲೋ ನಡದಿತ್ತು. ಹೂಂ, ಮುಂದ ಹೇಳು!"