ಕಾಕು ತವರು ನೋಡಲು ಹೊರಟದ್ದು

ನಮ್ಮ ಕಾಕುವಿಗೆ ತಿರುಗುವ ಚಟ ಎಂದು ಗೋವಾದ ಮಡಗಾವಿನ ನಮ್ಮ ಗುಡ್ಡ ಮೋತಿ ಡೊಂಗರ್‌ನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನಳದ ಮುಂದೆ ಕೊಡ ಇಟ್ಟುಕೊಂಡು ನಿಂತವರು ಹೇಳುತ್ತಾರೆ, ಕಿರಾಣಿ ಅಂಗಡಿಯವರು ಹೇಳುತ್ತಾರೆ, ಖುದ್ದು ನಮ್ಮವ್ವ ಹೇಳುತ್ತಾಳೆ. ಸ್ವಲ್ಪ ಧೈರ್ಯವಿದ್ದವರು "ತಲಿ ತಿರಿಗೇತಿ" ಎಂದೂ ಸೇರಿಸುತ್ತಾರೆ. ಈ ವಾದವನ್ನು ನಾನು ಸಾರಾಸಗಟಾಗಿ ತಳ್ಳಿಹಾಕುತ್ತೇನೆ. ಕಾಲೇಜಿನ ಚರ್ಚಾಕೂಟದಲ್ಲಿ ಎದುರಾಳಿಗಳ ಬೆವರಿಳಿಸಿದ ಹುಡುಗಿ ನಾನು. ಸಾಕ್ಷಿ ಇಲ್ಲದ ಮಾತು ನನಗೆ ಪಥ್ಯವಲ್ಲ. ತಿರುಗುವ ಚಟವಿದ್ದವಳು ವರ್ಷಪೂರ್ತಿ ತಿರುಗಬೇಕಲ್ಲವೇ? ಕಾಕು ತಿರುಗುವುದು ಮೇ ತಿಂಗಳಲ್ಲಿ ಮಾತ್ರ, ಅದೂ ರವಿವಾರ ಮಾತ್ರ. ಉಳಿದ ದಿನ, ಕೆಲಸಕ್ಕೆ ಹೋಗುವುದೊಂದು ಬಿಟ್ಟರೆ, ಆಕೆಯನ್ನು ಡೊಂಗರ್‌ನಿಂದ ಕೆಳಗಿಳಿಸಲು ಕ್ರೇನೇ ಬೇಕು!

ಹಾಗಾದರೆ ಮೇ ತಿಂಗಳಲ್ಲಿ ಏನಾಗುತ್ತದೆ? ನಮ್ಮ ಗುಡ್ಡ ಅರ್ಧ ಖಾಲಿಯಾಗುತ್ತದೆ. ಹೆಂಗಸರೆಲ್ಲ ಮಕ್ಕಳನ್ನು ಕಟ್ಟಿಕೊಂಡು ವಿಜಯಪುರ, ಬಾಗಲಕೋಟೆ ಕಡೆಯ ತಮ್ಮ ತಮ್ಮ ತವರಿಗೆ ಬಸ್ಸು ಹತ್ತುತ್ತಾರೆ. ಮಳೆಗೆ ಮುಂಚೆ ಉಡಿ ತುಂಬಿಸಿಕೊಂಡು ವಾಪಸ್ಸಾಗುತ್ತಾರೆ. ಮಗಳು ಹೊರಡುವಾಗ ಅವಳ ಸೆರಗಿಗೆ ಅಕ್ಕಿ, ತೆಂಗಿನಕಾಯಿ, ಅರಿಶಿನ ಹಾಕುವುದು ನಮ್ಮ ಕಡೆಯ ರೂಢಿ. ಮಗಳು ಅದರಲ್ಲೊಂದು ಚಿಟಿಕೆ ಅಕ್ಕಿಯನ್ನು ತಿರುಗಿ ಹಾಕುತ್ತಾಳೆ, ತವರು ಬರಿದಾಗದಿರಲಿ ಎಂದು.

ಅಪ್ಪನ ತಮ್ಮನ ಹೆಂಡತಿಯಾದ ನಮ್ಮ ಕಾಕುವಿಗೆ ಅಣ್ಣ-ತಮ್ಮಂದಿರಿಲ್ಲ. ಅಪ್ಪ-ಅವ್ವ ಮೊದಲೇ ತೀರಿಕೊಂಡಿದ್ದರು. ಉಳಿದದ್ದು ಒಂದು ಮನೆ. ಅದೂ ಊರಿನ ಜೊತೆಗೇ ಆಣೆಕಟ್ಟಿನ ಹಿನ್ನೀರಿನಡಿ ಹೋಯಿತು. ಎರಡು ವರ್ಷ ಬೇಸಿಗೆಯಲ್ಲಿ ಕಾಕು ಸುಮ್ಮನೆ ಕೂತಿದ್ದಳಂತೆ. ಮೂರನೆಯ ಬೇಸಿಗೆಗೆ, ಗೋವಾದಲ್ಲೇ ಒಂದು ತವರು ನೋಡಿಕೊಳ್ಳುತ್ತೇನೆಂದು ಘೋಷಿಸಿದಳು.

ನಾನು ಬಿಡುತ್ತೇನೆಯೇ? ತವರು ಹುಟ್ಟಿನಿಂದ ಬರುತ್ತದೆ, ಅದನ್ನು ಆರಿಸಿಕೊಳ್ಳಲು ಬರುವುದಿಲ್ಲ ಎಂದು ಸೋದಾಹರಣವಾಗಿ ಮಂಡಿಸಿದೆ. ಕಾಕು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಹೇಳಿದಳು:

"ನನಗ ಗಂಡನ ಮನಿ ಹುಡುಕಿದ್ರು. ಅವರನ್ನ ಯಾರೂ ಹುಚ್ಚರು ಅನಲಿಲ್ಲ. ನಾ ತವರಮನಿ ಹುಡುಕಿದ್ರ ಹುಚ್ಚಿ ಆಗ್ತೇನೇನು?"

ಪ್ರತಿವಾದಕ್ಕೆ ಸಮಯ ಕೋರಿದೆ. ಆ ಸಮಯ ಇನ್ನೂ ಮುಗಿದಿಲ್ಲ.

ಹೊರಡುವ ಸಂಭ್ರಮವನ್ನು ನೀವು ನೋಡಬೇಕು! ಬಟ್ಟೆಯಲ್ಲಿ ಕಟ್ಟಿದ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಟ್ರಂಕಿನಿಂದ ತೆಗೆದ ಇಳಕಲ್ಲ ಸೀರೆ, ಕೈಯಲ್ಲಿ ಪ್ಲಾಸ್ಟಿಕ್ ವಾಯರಿನಿಂದ ಹೆಣೆದ ಹಸಿರು ಚೀಲ. ಆ ಚೀಲದಲ್ಲಿ ರುಬ್ಬುಗುಂಡು ಹೊತ್ತರೂ ಜಗ್ಗದು. ಬೀಗದ ಕೈ ಪಕ್ಕದ ಮನೆಗೆ. "ತವರಿಗೆ ಹೊಂಟೇನ್ರಿ, ಸಂಜಿಗಿ ಬರ್ತೇನಿ." ಸೆಂಟ್ರಿಂಗ್ ಕೆಲಸದ ಕಾಕಾ ಇದ್ದೊಂದು ರಜೆಯ ದಿನ ಬಸ್ ಸ್ಟ್ಯಾಂಡಿನವರೆಗೆ ಬಂದು, ಮುಖ ಗಂಭೀರ ಮಾಡಿಕೊಂಡು, ಎಲ್ಲರನ್ನೂ ಕೇಳಿದೆನೆಂದು ಹೇಳು ಅನ್ನುತ್ತಿದ್ದ. ಯಾರನ್ನು? ಕೋಲ್ವಾದ ಅಲೆಗಳನ್ನೇ? ಕೊಂಕಣಿ ಬರುತ್ತದೆಂಬ ಒಂದೇ ತಪ್ಪಿಗೆ ನಾನು ದುಭಾಷಿಯಾಗಿ ಹಿಂದೆ.

ಕೋಲ್ವಾದಿಂದಲೇ ಶುರುವಾಯಿತು. ಜಗತ್ತಿನ ಜನ ವಿಮಾನ ಹತ್ತಿ ಬರುವ ಆ ಸಮುದ್ರಕ್ಕೆ ಕಾಕು ಬೆನ್ನು ಮಾಡಿ, ಗಾಡಿ ನಿಲ್ಲಿಸುವ ಕಡೆ ಮುಖ ಮಾಡಿ ಕೂತು ರೊಟ್ಟಿ ತಿಂದಳು. ಸ್ವಲ್ಪ ತಿರುಗಿ ನೋಡು ಎಂದು ನಾನು ಗೋಗರೆದೆ. "ನೀರ ನೋಡಾಕಾದ್ರ ನಮ್ಮೂರಿಗೇ ಹೋಗಬಹುದಿತ್ತಲ್ಲ ಹುಡುಗಿ," ಅಂದಳು. ಕೋಲ್ವಾ ಅನುತ್ತೀರ್ಣ.

ಮುಂದಿನ ರವಿವಾರ ಪಣಜಿಯಲ್ಲಿ ಮಾವಿನ ಹಣ್ಣಿನ ಪ್ರದರ್ಶನ. ಪತ್ರಿಕೆಯ ಪುರವಣಿಯಲ್ಲಿ ಓದಿ ಅದನ್ನು ಸೂಚಿಸಿದವಳು ನಾನೇ. ತಂಪು ಹವೆಯ ಸಭಾಂಗಣ, ಬಿಳಿ ಬಟ್ಟೆ ಹಾಸಿದ ಮೇಜು, ತಟ್ಟೆಗಳಲ್ಲಿ ಮದುವಣಗಿತ್ತಿಯರಂತೆ ಕೂತ ಮಾನ್ಕುರಾದ್ ಹಣ್ಣುಗಳು. ಕಾಕು ಒಂದನ್ನು ಎತ್ತಿ ಮೂಸಿದಳು. ಕೊರಳಲ್ಲಿ ಬಿಲ್ಲೆ ತೂಗಿಸಿಕೊಂಡವನೊಬ್ಬ ಓಡಿಬಂದು, ಮುಟ್ಟುವಂತಿಲ್ಲ ಎಂದ. ಹಣ್ಣನ್ನು ಮೆಲ್ಲಗೆ ಸ್ವಸ್ಥಾನಕ್ಕಿಟ್ಟು ಕಾಕು ಹೊರಗೆ ನಡೆದಳು. ಮಾವಿನಹಣ್ಣು ಮುಟ್ಟಬೇಡ ಎನ್ನುವುದು ಯಾವ ಸೀಮೆಯ ತವರು ಎಂಬುದು ಅವಳ ಪ್ರಶ್ನೆ.

ಅದರ ಮುಂದಿನ ವಾರ ಫುಟ್‌ಬಾಲ್. ಬೇಸಿಗೆಯಲ್ಲಿ ಇಲ್ಲಿಯ ಒಣಗಿದ ಗದ್ದೆಗಳಲ್ಲೆಲ್ಲ ಪಂದ್ಯ, ಹೋದವರೆಲ್ಲ ಪ್ರೇಕ್ಷಕರು. ಇಪ್ಪತ್ತೆರಡು ಜನ ಓಡುತ್ತಿದ್ದಾರೆಂದು ನೀವು ತಿಳಿದಿರಬಹುದು. ಕಾಕು ನೋಡಿದ್ದು ಒಬ್ಬನನ್ನೇ. ಉಳಿದವರು ಅತ್ತಿಂದಿತ್ತ ದನ ಬೆದರಿದ ಹಾಗೆ ಓಡುವಾಗ ಗೋಲ್‌ಕೀಪರ್ ಪಾಪ ಒಬ್ಬನೇ ಮನೆ ಕಾಯುತ್ತಿದ್ದಾನಲ್ಲ, ಅವನೇ ಖರೆ ಅಣ್ಣ ಎಂದು ತೀರ್ಮಾನಿಸಿದಳು. ವಿರಾಮದಲ್ಲಿ ಹೋಗಿ ಅವನಿಗೆ ರೊಟ್ಟಿ, ಚಟ್ನಿ ಕೊಟ್ಟಳು. ಹುಡುಗ ಸಂಕೋಚವಿಲ್ಲದೆ ತಿಂದ. ನಮ್ಮ ಶೇಂಗಾ ಚಟ್ನಿಯ ಖಾರ ಅವನಿಗೇನು ಗೊತ್ತು? ಮೂಗು ಒರೆಸಿಕೊಳ್ಳುವಷ್ಟರಲ್ಲಿ ಎರಡು ಗೋಲು ಒಳಗೆ! ಅವನ ತಂಡದವರು ನಮ್ಮ ಕಡೆ ನೋಡಿದ ನೋಟಕ್ಕೆ ನಾನು ಬಸ್ ಸ್ಟಾಪಿನವರೆಗೆ ಓಡಿದೆ. ಕಾಕು ನಿಧಾನವಾಗಿ ಬಂದಳು. ಅಣ್ಣ ಚಲೋ ಇದ್ದಾನೆ, ಆದರೆ ಮನೆಗೆ ಬರೀ ಚೌಕಟ್ಟು, ಬಾಗಿಲೇ ಇಲ್ಲ. ಇದು ವರದಿ.

ಮೇ ಮುಗಿಯುತ್ತ ಬಂತು. ಊರಿಗೆ ಹೋದ ಹೆಂಗಸರು ಒಬ್ಬೊಬ್ಬರಾಗಿ ಗುಡ್ಡ ಹತ್ತತೊಡಗಿದರು, ತುಂಬಿದ ಉಡಿಯ ಸಮೇತ. ಕಾಕು ಅವರನ್ನು ಬಾಗಿಲಲ್ಲಿ ನಿಂತು ಮಾತಾಡಿಸುತ್ತಿದ್ದಳು. ಒಳಗೆ ಬಂದ ಮೇಲೆ ಮಾತ್ರ ತುಸು ಹೊತ್ತು ಪಾತ್ರೆಗಳ ಸದ್ದು ಜೋರಾಗುತ್ತಿತ್ತು.

ಕೊನೆಯ ರವಿವಾರ ಮಡಗಾವಿನಲ್ಲಿ ಪುರುಮೆಂತಿನ ಸಂತೆ. ಮಳೆಗಾಲಕ್ಕೆ ಬೇಕಾದ ಮೆಣಸಿನಕಾಯಿ, ಹುಣಸೆ, ಒಣಮೀನು ಎಲ್ಲವನ್ನೂ ಜನ ಒಮ್ಮೆಲೇ ಕೊಳ್ಳುವ ಜಾಗ. ಇವತ್ತು ತವರು ಗಿವರು ಏನಿಲ್ಲ, ಸಾಮಾನು ತರೋದಷ್ಟೇ ಎಂದಳು ಕಾಕು. ಉಟ್ಟದ್ದು ಮಾತ್ರ ಇಳಕಲ್ಲ ಸೀರೆ.

ಕುಂಕಳ್ಳಿ ಕಡೆಯ ಮುದುಕಿಯೊಬ್ಬಳು, ಕೊರಳಲ್ಲಿ ಸಣ್ಣ ಶಿಲುಬೆ, ಕೆಂಪು ದಪ್ಪಕ್ಕಿ, ತೆಂಗಿನಕಾಯಿ, ಅರಿಶಿನ ಕೊಂಬು ಹಾಸಿಕೊಂಡು ಕೂತಿದ್ದಳು. ಅಕ್ಕಿಯ ಬೆಲೆಗೆ ಇಬ್ಬರಿಗೂ ಜಗಳ ಹತ್ತಿತು. ಆಕೆ ಕೊಂಕಣಿಯಲ್ಲಿ, ಈಕೆ ಕನ್ನಡದಲ್ಲಿ. ಆಕೆ ಕಾಕುವಿನ ಜಿಪುಣತನವನ್ನು ಬಣ್ಣಿಸಿದಳು. ಈಕೆ ಆಕೆಯ ಅಳತೆ ಡಬ್ಬಿಯ ಒಳಕ್ಕೆ ಉಬ್ಬಿದ ತಳವನ್ನು. ಒಬ್ಬರದು ಒಬ್ಬರಿಗೆ ಒಂದಕ್ಷರವೂ ತಿಳಿಯದಿದ್ದರೂ ಎಷ್ಟು ಕರಾರುವಾಕ್ಕಾದ ಚರ್ಚೆ! ದುಭಾಷಿಗೆ ಬಿಡುವೋ ಬಿಡುವು. ಕೊನೆಗೆ ಮುದುಕಿ ಸೋತವಳಂತೆ ಡಬ್ಬಿ ತುಂಬಿ ಎತ್ತಿದಳು. ಕಾಕು ಚೀಲವನ್ನು ನನ್ನ ಕೈಗೆ ತುರುಕಿ, ಸೆರಗು ಒಡ್ಡಿದಳು.

"ಚೀಲ ಹರದೇತಿ," ಎಂದಳು, ನನ್ನ ಕಡೆ ನೋಡದೆ.

ಅಕ್ಕಿ ಬಿತ್ತು. ಮೇಲೊಂದು ತೆಂಗಿನಕಾಯಿ. ಬೈದುಕೊಳ್ಳುತ್ತಲೇ ಮುದುಕಿ ಎರಡು ಅರಿಶಿನ ಕೊಂಬನ್ನು ಕೊಸರೆಂದು ಎಸೆದಳು. ಆಗ ಕಾಕು ಸೆರಗಿನಿಂದ ಒಂದು ಚಿಟಿಕೆ ಅಕ್ಕಿ ತೆಗೆದು ಮುದುಕಿಯ ಮೂಟೆಗೆ ತಿರುಗಿ ಹಾಕಿದಳು.

ಮುದುಕಿ ಕೆಂಡವಾದಳು. ತನ್ನ ಅಕ್ಕಿಯಲ್ಲಿ ಹುಳವಿದೆಯೇ, ಕಲ್ಲಿದೆಯೇ, ವಾಪಸ್ ಯಾಕೆ ಹಾಕಿದ್ದು ಎಂದು ಸಂತೆಗೆಲ್ಲ ಕೇಳಿಸುವಂತೆ ಕೂಗಿದಳು. ಅಷ್ಟು ಹೊತ್ತು ಸಮಸಮ ಕಾದಾಡಿದ್ದ ಕಾಕು ಈಗ ತಲೆ ಬಗ್ಗಿಸಿ ನಿಂತಿದ್ದಳು. ಉತ್ತರ ನಾನೇ ಕೊಡಬೇಕಿತ್ತು. ತವರನ್ನು ಆರಿಸಿಕೊಳ್ಳಲು ಬರುವುದಿಲ್ಲ ಎಂದು ವಾದಿಸಿದ್ದ ನಾನು! ಕೊಂಕಣಿಯಲ್ಲಿ ತವರಿಗೆ ಕುಳಾರ್ ಎನ್ನುತ್ತಾರೆ.

"ಆಯೇ, ತಿಕಾ ಕುಳಾರ್ ನಾ," ಎಂದೆ. ಇವಳಿಗೆ ತವರಿಲ್ಲ. ಆ ಚಿಟಿಕೆ ಅಕ್ಕಿ ನಿನ್ನ ಮನೆ ಬರಿದಾಗದಿರಲಿ ಎಂದು ಹಾಕಿದ್ದು ಎಂದೂ ಹೇಳಿದೆ.

ಮುದುಕಿ ಕೈ ಒರೆಸಿಕೊಂಡು ಮೊಣಕಾಲ ಮೇಲೆ ಕೈಯೂರಿ ಎದ್ದಳು. ಕಾಕುವಿನ ಸೆರಗಿನ ತುದಿಯನ್ನು ತಾನೇ ಒಟ್ಟುಮಾಡಿ, ಗಂಟು ಹಾಕಿ, ಸೊಂಟಕ್ಕೆ ಸಿಕ್ಕಿಸಿದಳು.

"ಪರತ್ ಯೋ ಗೋ," ಎಂದಳು. ತಿರುಗಿ ಬಾ ಎಂದು.

ನಾನು ಅನುವಾದಿಸುವ ಮೊದಲೇ ಕಾಕು "ಹ್ಞೂಂ ಯವ್ವಾ, ಬರ್ತೇನಿ" ಅಂದಿದ್ದಳು.

ಡೊಂಗರ್ ಹತ್ತುವಾಗ ಹನಿ ಶುರುವಾಯಿತು. ಕಾಕು ಮುಂದೆ, ಎರಡೂ ಕೈಯಲ್ಲಿ ಉಡಿ ಹಿಡಿದುಕೊಂಡು, ಅವಸರವಿಲ್ಲದೆ. ನಳದ ಮುಂದಿನವರು ಕೊಡ ಬಿಟ್ಟು ಅವಳನ್ನೇ ನೋಡಿದರು. ನಾನು ಹಿಂದೆ, ಖಾಲಿ ಹಸಿರು ಚೀಲದ ತಳ ತಿರುವಿ, ಮೂಲೆ ಎಳೆದು, ಒಂದೊಂದೇ ಹೆಣಿಗೆ ನೋಡುತ್ತ ಬಂದೆ. ಸಾಕ್ಷಿ ಇಲ್ಲದ ಮಾತು ನನಗೆ ಹಿಡಿಸುವುದಿಲ್ಲ ಎಂದೆನಲ್ಲ.

"ಕಾಕು, ಚೀಲ ಎಲ್ಲಿ ಹರದೇತಿ?"