ಚೇಗು ಕದ್ದ ಮಿಲ್ಲು

ಹೊಲದಲ್ಲಿ ಸಾಗವಾನಿ ಸಸಿ ಹಚ್ಚುವವರು ಹುಟ್ಟುತ್ತಲೇ ಇರುತ್ತಾರೆ, ಹಾಗಾಗಿ ನನ್ನ ಸಿಟ್ಟಿಗೂ ರಜೆ ಇಲ್ಲ.

ಇಂಡಿ ಊರಲ್ಲಿ ನಮ್ಮದೊಂದು ಕಟ್ಟಿಗೆ ಕೊರೆಯುವ ಮಿಲ್ಲಿದೆ. ನಮ್ಮ ಮನೆಯವರು ಲಾರಿ ಹತ್ತಿ ಊರೂರು ತಿರುಗಿ ಮರ ತರುತ್ತಾರೆ. ಮಿಲ್ಲು ನೋಡಿಕೊಳ್ಳುವವಳು ನಾನು. ಬಂದವರು ಮೊದಲು ಕೇಳುವುದು, "ಸಾವಕಾರ್ರು ಎಲ್ಲಿ ಅದಾರ್ರಿ?" ಅಂತ. "ನಿಮ್ಮ ಮುಂದನ ಕುಂತಾರ" ಅನ್ನುತ್ತೇನೆ. ಆಮೇಲೆ ಅವರು ಹತ್ತು ನಿಮಿಷ ಲಾರಿಯ ದಾರಿ ಕಾಯುತ್ತಾರೆ.

ಮರದ ನಡುವೆ ಗಟ್ಟಿಯಾಗಿ, ಬಣ್ಣ ತುಂಬಿಕೊಂಡಿರುವ ಭಾಗಕ್ಕೆ ಚೇಗು ಅನ್ನುತ್ತೇವೆ. ಬಾಗಿಲು, ಚೌಕಟ್ಟು, ಮಂಚ ತಲೆಮಾರು ಬಾಳಬೇಕಾದರೆ ಚೇಗು ಬೇಕು. ಅದರ ಸುತ್ತಲಿನ ಬಿಳಿ ಭಾಗ ಹುಳಕ್ಕೆ ಹಬ್ಬದೂಟ. ಚೇಗು ಕೂಡುವುದಕ್ಕೆ ವರ್ಷಗಳು ಬೇಕು. ನೀರು, ಯೂರಿಯಾ ಸುರಿದರೆ ಗಿಡ ದಪ್ಪ ಆಗುತ್ತದೆ, ವಯಸ್ಸೇನೂ ಆಗುವುದಿಲ್ಲ. ಇಷ್ಟನ್ನು ಹೇಳಿ ಹೇಳಿ ನನ್ನ ಗಂಟಲು ಗರಗಸವಾಗಿದೆ.

ಕೇಳುವುದಂತೂ ಹೋಗಲಿ, ನಾಲ್ಕು ತಾಲೂಕಿನಲ್ಲಿ ಒಂದು ಮಾತು ಎದ್ದಿತು. 'ಇಂಡಿ ಮಿಲ್ಲಿನ ಅಕ್ಕ ಚೇಗು ಕದೀತಾಳ' ಅಂತ. ಊರ ಬಾಯಿಗೆ ಮುಚ್ಚಳ ಇಲ್ಲ ನೋಡಿ. ಮಿಲ್ಲಿಗೆ ಹೆಸರೇ ಬಂಡವಾಳ. ಹೆಸರು ಕೆಟ್ಟರೆ ಮರ ಬರುವುದಿಲ್ಲ, ಮರ ಬರದಿದ್ದರೆ ನನ್ನ ಹತ್ತಿರ ದುಡಿಯುವವರ ಮನೆಯ ಒಲೆ ಹತ್ತುವುದಿಲ್ಲ. ನಾನು ಕಳ್ಳಿ ಅನ್ನಿಸಿಕೊಂಡದ್ದು ಹೇಗೆ ಅಂತ ಹೇಳುತ್ತೇನೆ. ನೀವು ಬೇಕಾದರೆ ನಗಿರಿ, ನನಗಂತೂ ಈಗಲೂ ಮೈ ಉರಿಯುತ್ತದೆ.

ಹೊಟ್ಟು ಒಯ್ದವರು

ಮೊದಲು ಬಂದವರು ಅಗರಖೇಡ ಕಡೆಯ ಲಿಂಬೆ ತೋಟದ ರೈತರೊಬ್ಬರು. ತೋಟದ ಬದುವಿನ ಸಾಗವಾನಿ ಕಡಿಸಿ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದಿದ್ದರು. ಇಳಿದವರೇ ದಿಮ್ಮಿಯ ಪಕ್ಕ ನಿಂತು ಸೊಂಟದ ಮೇಲೆ ಕೈ ಇಟ್ಟರು.

"ಅಕ್ಕಾರ, ನನ್ನ ಟೊಂಕಕ್ಕಿಂತ ದಪ್ಪ ಐತಿ ನೋಡ್ರಿ!"

"ಗಿಡಕ್ಕ ವಯಸ್ಸೆಷ್ಟ್ರಿ?"

"ನಮ್ಮ ಸಣ್ಣ ಮಗಳು ಸಾಲಿಗೆ ಹ್ವಾದ ವರ್ಷ ಹಚ್ಚಿದ್ದು. ಈಗ ಆಕಿ ಹತ್ತನೆತ್ತೆ ಕಲೀತಾಳ. ಲಿಂಬಿಗೆ ಬಿಟ್ಟ ನೀರು, ಹಾಕಿದ ಗೊಬ್ಬರ, ಎಲ್ಲಾ ಇದಕ್ಕೂ ಕೊಟ್ಟೇನ್ರಿ. ಬ್ಯಾರೆ ಅಂತ ಎಣಸಿಲ್ಲ."

"ಹತ್ತನೆತ್ತೆ ಹುಡುಗಿ ತಲ್ಯಾಗ ನರೆಕೂದಲಾ ಹುಡುಕಿದಂಗ ಆಗ್ತೈತ್ರಿ, ಇದರಾಗ ಚೇಗು ಹುಡುಕೂದು. ಇನ್ನಷ್ಟು ವರ್ಷ ಬಿಡಬೇಕಿತ್ತು."

ಅವರು ನಕ್ಕು, "ನೀವು ಕೊರೀರಿ" ಅಂದರು. ಕೊರೆದೆವು. ಒಳಗೆ ಮೂಲಂಗಿಯ ಹಾಗೆ ಬೆಳ್ಳಗಿತ್ತು. ನಟ್ಟನಡುವೆ ಮಾತ್ರ ನಾಲ್ಕು ಬೆರಳು ಕಂದು ಬಣ್ಣ.

ಅವರು ಹಲಗೆ ನೋಡಿದರು, ಮಿಷನ್ ನೋಡಿದರು, ಬಗ್ಗಿ ಮಿಷನ್ನಿನ ಕೆಳಗೂ ನೋಡಿದರು. "ಅಕ್ಕಾರ, ನಿಮ್ಮ ಮಿಷನ್ ಚೇಗು ತಿಂತೈತಿ" ಅಂದರು.

"ನಮ್ಮ ಮಿಷನ್ ಕರೆಂಟ್ ತಿಂತೈತ್ರಿ. ಅದೂ ಇದ್ದಾಗ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಬೆಳೆಸಲಾರದವರು ನನ್ನ ಗರಗಸ ಡೊಂಕು ಅಂದರು. ಅಷ್ಟಕ್ಕೇ ಬಿಡಲಿಲ್ಲ. ಚೇಗೆಲ್ಲ ಪುಡಿಯಾಗಿ ಹೊಟ್ಟಿನಲ್ಲಿ ಸೇರಿದೆ, ಅದು ತಮ್ಮದೇ ಮಾಲು ಅಂತ ಹಟ ಹಿಡಿದರು. ಗೊಬ್ಬರದ ಖಾಲಿ ಚೀಲ ತರಿಸಿ, ಮಿಷನ್ನಿನ ಕೆಳಗಿದ್ದ ಹೊಟ್ಟನ್ನೆಲ್ಲ ಬಳಿದು ತುಂಬಿಕೊಂಡು ಹೋದರು. ಅದರಲ್ಲಿ ಮುಕ್ಕಾಲು ಪಾಲು ಹಿಂದಿನ ದಿನ ಕೊರೆದ ಬೇವಿನದು. ನಾನು ಹೇಳಲಿಲ್ಲ. ನಾನೇ ಗುಡಿಸಬೇಕಾಗಿತ್ತು, ಪುಕ್ಕಟೆ ಗುಡಿಸಿಕೊಟ್ಟರು.

ಚಾಟ್ನಿ

ಚಡಚಣದ ಕಡೆ ದ್ರಾಕ್ಷಿ ಬೆಳೆಯುವವರು ವರ್ಷಕ್ಕೆ ಎರಡು ಸಲ ಬಳ್ಳಿ ಕತ್ತರಿಸುತ್ತಾರೆ. ಅದಕ್ಕೆ ಚಾಟ್ನಿ ಅನ್ನುತ್ತಾರೆ. ಏಪ್ರಿಲ್‌ದೊಂದು, ಅಕ್ಟೋಬರ್‌ದೊಂದು. ದ್ರಾಕ್ಷಿಯವರ ಕೈಗೆ ಕತ್ತರಿ ಅಂದರೆ ನಮ್ಮ ಕೈಗೆ ಬಳೆ ಇದ್ದ ಹಾಗೆ, ತೆಗೆದಿಡುವ ಮಾತೇ ಇಲ್ಲ.

ಅಂಥವರೊಬ್ಬರು ತಂದ ಸಾಗವಾನಿ ನೋಡಿ ನಮ್ಮ ಕೊರೆಯುವವರೆಲ್ಲ ಕೆಲಸ ಬಿಟ್ಟು ಬಂದು ನಿಂತರು. ಒಂದು ಗಿಡಕ್ಕೆ ಏಳೆಂಟು ತಲೆ. ಮೊಳಕ್ಕೊಂದು ತಿರುವು, ಗೇಣಿಗೊಂದು ಗಂಟು. ನೆಟ್ಟಗೆ ಒಂದು ಕಿಟಕಿಯ ಪಟ್ಟಿ ಹೊರಡುವಷ್ಟು ಜಾಗವಿಲ್ಲ.

"ಏನ ಮಾಡೀರಿ ಇದಕ್ಕ?" ಅಂದೆ.

"ಚಾಟ್ನಿ ಹೊಡದೇನ್ರಿ. ಒಂದ ವರ್ಷಾನೂ ತಪ್ಪಿಸಿಲ್ಲ. ಏಪ್ರಿಲ್‌ದಾಗೂ ಹೊಡದೇನಿ, ಅಕ್ಟೋಬರ್‌ದಾಗೂ ಹೊಡದೇನಿ."

"ಸಾಗವಾನಿ ಸುಳಿ ಕತ್ತರಸ್ತಾರೇನ್ರಿ ಯಾರರ? ಸುಳಿ ಹ್ವಾದ್ರ ಅದು ನೆಟ್ಟಗ ಹೆಂಗ ಬೆಳೀಬೇಕು? ಪಕ್ಕದ ರೆಂಬಿ ಸಣ್ಣವಿದ್ದಾಗ ತಗದು ಸುಳಿ ಬಿಡಬೇಕ್ರಿ."

"ದ್ರಾಕ್ಷಿಗೆ ನಡೀತೈತಲ್ರಿ?"

ನನಗೆ ಎಷ್ಟು ಸಿಟ್ಟು ಬಂತೆಂದರೆ, "ಹಂಗಾರ ಗೊನಿ ಎಷ್ಟು ಬಿಟ್ಟಿತ್ರಿ?" ಅಂತ ಕೇಳಿಬಿಟ್ಟೆ.

ಅವರು ಬೇಜಾರಾಗಿ ತಲೆ ತಗ್ಗಿಸಿದರು. "ಅದ ಒಂದು ಬರಲಿಲ್ಲ ನೋಡ್ರಿ" ಅಂದರು.

ಸಿಂದಗಿಯ ಸುಸಲಾ

ಈ ಗಿಡಗಳನ್ನು ಇವರ ತಲೆಗೆ ಕಟ್ಟುವವರು ಯಾರು ಅಂತ ನನಗೊಂದು ಹಟ ಹುಟ್ಟಿತು. ಸಿಂದಗಿಯ ಒಂದು ಮಂಗಲ ಕಾರ್ಯಾಲಯದಲ್ಲಿ ಸಸಿ ಮಾರುವವನೊಬ್ಬ ರೈತರನ್ನು ಕೂಡಿಸಿದ್ದಾನೆ ಅಂತ ಗೊತ್ತಾಗಿ ಬಸ್ ಹತ್ತಿ ಹೋದೆ. ಎಲ್ಲರಿಗೂ ಚುರುಮುರಿ ಒಗ್ಗರಣೆಯ ಸುಸಲಾ, ಮಿರ್ಚಿ ಕೊಟ್ಟಿದ್ದ. ನಾನೂ ಒಂದು ಪ್ಲೇಟು ಹಿಡಿದು ಹಿಂದಿನ ಕುರ್ಚಿಯಲ್ಲಿ ಕೂತೆ.

"ಹಚ್ರಿ, ಮರತಬಿಡ್ರಿ!" ಅಂತ ಕೂಗುತ್ತಿದ್ದ. "ಗಿಡ ತಾನ ಬೆಳೀತೈತಿ. ನಿಮ್ಮ ಮೊಮ್ಮಕ್ಕಳ ಕಾಲಕ್ಕಲ್ಲ, ನಿಮ್ಮ ಕಾಲಕ್ಕನ ಬಂಗಾರ!"

ಮುಂದೆ ಕೂತಿದ್ದ ಒಬ್ಬರು ಎದ್ದು, "ಇಂಡಿ ಊರಾಗ ಕೊರಸಿದ್ರ ಚೇಗು ಬರವಲ್ದಂತಲ್ರಿ?" ಅಂದರು.

"ಗಿಡದಾಗ ಏನೂ ದೋಷ ಇಲ್ರಿ" ಅಂದ ಅವನು, ಕಣ್ಣು ಸಹ ಮಿಟುಕಿಸದೆ. "ಇಂಡಿ ಮಿಲ್ಲಿನಾಗ ಚೇಗು ತಗದ ಇಟ್ಗೋತಾರ. ಅಲ್ಲಿ ಒಯ್ಯಬ್ಯಾಡ್ರಿ."

ನನ್ನ ಹೆಸರಿಗೆ ಬೆಂಕಿ ಹಚ್ಚುತ್ತಿದ್ದವನು ಇವನೇ. ಪ್ಲೇಟು ಹಿಡಿದುಕೊಂಡೇ ಎದ್ದು ನಿಂತೆ.

"ನಾನ ರೀ ಇಂಡಿ ಮಿಲ್ಲಿನಾಕಿ" ಅಂದೆ. ಸಭೆ ತಿರುಗಿ ನೋಡಿತು. "ಒಂದ ಮಾತು ಕೇಳ್ತೇನಿ. ನಿಮ್ಮದು ಸ್ವಂತ ಮನಿ ಐತೇನ್ರಿ?"

"ಐತ್ರಿ. ಹ್ವಾದ ವರ್ಷನ ಕಟ್ಟಸೇನಿ."

"ಹೆಬ್ಬಾಗಲಾ ಯಾವ ಕಟ್ಟಿಗಿದು?"

ಮಾರುವವನ ನಾಲಿಗೆ ನೋಡಿ, ಹೊಗಳುವುದೊಂದೇ ಅದಕ್ಕೆ ಗೊತ್ತು. "ಕಬ್ಬಣದ್ದು ಹಾಕಿಸೇನ್ರಿ ಅಕ್ಕಾರ! ಹುಳದ ಕಾಟನ ಇರೂದಿಲ್ಲ!" ಅಂದ.

ಸಭೆ ಬಿದ್ದು ಬಿದ್ದು ನಕ್ಕಿತು. ಗೆದ್ದೆ ಅಂದುಕೊಂಡು ಕೈ ತೊಳೆದು ಬಂದು ನೋಡಿದರೆ, ನಕ್ಕವರೆಲ್ಲ ಸಾಲುಗಟ್ಟಿ ನಿಂತು ಸಸಿ ಕೊಳ್ಳುತ್ತಿದ್ದರು.

ಮುದ್ದೇಬಿಹಾಳದ ಬಾಗಿಲು

ಮುದ್ದೇಬಿಹಾಳದ ಕಿರಾಣಿ ಅಂಗಡಿಯವರೊಬ್ಬರು ತಮ್ಮ ಹೊಲದ ಸಾಗವಾನಿಯಿಂದಲೇ ಹೊಸ ಮನೆಗೆ ಬಾಗಿಲು ಮಾಡಿಸಬೇಕೆಂದು ಬಂದರು. ಗಿಡ ಪರವಾಗಿರಲಿಲ್ಲ, ತಕ್ಕಮಟ್ಟಿಗೆ ವಯಸ್ಸಾಗಿತ್ತು. ಆದರೆ ಕಡಿದು ಒಂದು ವಾರವೂ ಆಗಿರಲಿಲ್ಲ, ಮುಟ್ಟಿದರೆ ಕೈ ಒದ್ದೆ.

"ಕೊರದ ಹಲಗಿ ನೆರಳಾಗ ಒಟ್ಟಿ ಒಣಗಸ್ರಿ. ಮುಂದಿನ ವರ್ಷ ಬಾಗಲಾ ಮಾಡಸ್ರಿ" ಅಂದೆ.

"ಸೋಮವಾರನ ಚೌಕಟ್ಟು ನಿಲ್ಲಸಬೇಕ್ರಿ. ಅಯ್ನಾರು ಮುಹೂರ್ತ ಹೇಳ್ಯಾರ."

"ಸೋಮವಾರದಾಗ ಒಣಗು ಅಂತ ಕಟ್ಟಿಗಿಗೂ ಹೇಳ್ಯಾರೇನ್ರಿ ಅಯ್ನಾರು?"

ಅವರಿಗೆ ನನ್ನ ಮಾತು ಅಪಶಕುನವಾಗಿ ಕೇಳಿತು. ಸೋಮವಾರ ಚೌಕಟ್ಟು ನಿಂತಿತು, ಅರಿಶಿನ ಕುಂಕುಮ ಏರಿತು, ಹೋಳಿಗೆ ಊಟವಾಯಿತು. ಬೇಸಿಗೆ ಬಂದ ಕೂಡಲೇ ಚೌಕಟ್ಟು ತಿರುಚಿಕೊಂಡು, ಬಾಗಿಲು ಮುಚ್ಚಿದರೂ ಬೆಕ್ಕು ಓಡಾಡುವಷ್ಟು ಸಂದು ಬಿಟ್ಟಿತು. ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಅವರು ಸಕ್ಕರೆ ಕಟ್ಟಿಕೊಡುತ್ತಾ, "ಇಂಡಿ ಮಿಲ್ಲಿನಾಕಿ ಕಟ್ಟಿಗಿ ಬದಲ ಮಾಡಿ ಕೊಟ್ಟಾಳ" ಅಂತ ಹೇಳಿದರು. ಸಕ್ಕರೆಯ ಜೊತೆ ನನ್ನ ಹೆಸರೂ ಪೊಟ್ಟಣವಾಗಿ ಮನೆಮನೆಗೆ ಹೋಯಿತು.

ಸಂದು ಮುಚ್ಚಲು ಅಂಚಿಗೆ ಪಟ್ಟಿ ಬಡಿಸಿದರು. ಮಳೆಗಾಲದಲ್ಲಿ ಕಟ್ಟಿಗೆ ನೀರು ಕುಡಿದು ಉಬ್ಬಿತು. ಒಂದು ಬೆಳಿಗ್ಗೆ ಅವರ ಸೊಸೆ ಫೋನ್ ಮಾಡಿದಳು.

"ಅಕ್ಕಾರ, ಬಾಗಲಾ ಹಿಡದ ಕುಂತೈತ್ರಿ, ಯಾರು ದಬ್ಬಿದ್ರೂ ತೆರೀವಲ್ದು. ಬಡಗ್ಯಾರ್ನ ಯಾರ್ನರ ಕಳಸ್ರಿ."

ಎಷ್ಟೇ ಸಿಟ್ಟಿದ್ದರೂ ಮನುಷ್ಯರು ಸಿಕ್ಕಿಬಿದ್ದರೆ ಸುಮ್ಮನಿರಲಾಗುತ್ತದೆಯೇ? "ಗಾಬರಿ ಆಗಬ್ಯಾಡವ್ವಾ, ಈಗಿಂದೀಗ ಕಳಸ್ತೇನಿ" ಅಂದೆ.

"ಅಯ್ಯ, ಈಗಿಂದೀಗ ಬ್ಯಾಡ್ರಿ" ಅಂದಳು ಅವಳು ಮೆಲ್ಲಗೆ. "ನಾ ಹೊರಗ ಅದೀನಿ. ಒಳಗ ಇರಾವ್ರು ಅತ್ತಿಯಾರು. ಸಾವಕಾಶ ಸಂಜೀಕ ಕಳಸ್ರಿ."

ಬಾಗೇವಾಡಿಯವರ ಪಂಚನಾಮೆ

ನನ್ನ ಮೇಲಿನ ಕಳ್ಳತನದ ಮಾತು ಸತ್ತದ್ದು ಹೋದ ಬೇಸಿಗೆಯಲ್ಲಿ. ಅದನ್ನು ಸಾಯಿಸಿದವಳು ನಾನಲ್ಲ.

ಬಸವನ ಬಾಗೇವಾಡಿ ಕಡೆಯ ಸಾವಕಾರರೊಬ್ಬರ ಹೊಲಕ್ಕೆ ಕಾಲುವೆ ನೀರು ಬಂದಿತ್ತು. ಆ ನೀರಲ್ಲಿ ನಿಂತು ಕುಡಿದು ಅವರ ಸಾಗವಾನಿ ಕೊಬ್ಬಿತ್ತು. ಮಾತೆಲ್ಲ ಕೇಳಿಸಿಕೊಂಡೇ ಅವರು ಬೇಕಂತ ನನ್ನ ಮಿಲ್ಲಿಗೆ ಬಂದರು. ಟ್ರ್ಯಾಕ್ಟರಿನಲ್ಲಿ ದಿಮ್ಮಿ, ಅದರ ಹಿಂದೆ ಒಂದು ಟೆಂಪೋ ತುಂಬ ಬೀಗರು, ಅಣ್ಣತಮ್ಮಂದಿರು, ಊರಿನ ನಾಲ್ಕು ಹಿರಿಯರು. ಜೊತೆಗೆ ರೊಟ್ಟಿ ಗಂಟು ಹಿಡಿದುಕೊಂಡು ಅವರ ಹೆಂಡತಿ.

"ಎಲ್ಲಾರ ಮುಂದ ಕೊರೀರಿ" ಅಂದರು ಸಾವಕಾರರು. "ನಿಮ್ಮ ಮಿಲ್ಲಿನ ಬಣ್ಣ ಇವತ್ತ ಬಯಲ ಆಗ್ಲಿ."

ದಿಮ್ಮಿಯ ಎರಡೂ ತುದಿಗೆ ಹಸಿರು ಬಣ್ಣ ಬಳಿದಿದ್ದರು, ನಾನು ಬದಲಾಯಿಸಿಬಿಟ್ಟೇನು ಅಂತ. ಕೊರೆಯುವವನ ಅಂಗಿಯ ತೋಳು ಮಡಚಿಸಿದರು. ನನ್ನನ್ನು ಹತ್ತು ಮಾರು ದೂರ ಬೇವಿನ ಗಿಡದ ಕೆಳಗೆ ಕೂಡಿಸಿದರು. ನನ್ನ ಮಿಲ್ಲಿನಲ್ಲಿ, ನನ್ನ ಕುರ್ಚಿಯ ಮೇಲೆ, ನಾನು ಕಳ್ಳಿಯ ಹಾಗೆ ಕೂತೆ. ಕಣ್ಣಲ್ಲಿ ನೀರು ಬಂತು ಅಂತ ಹೇಳಿಕೊಳ್ಳಲು ನಾಚಿಕೆ ಇಲ್ಲ. ಅದು ದುಃಖದ್ದಲ್ಲ, ಸಿಟ್ಟಿನದು. ಆದರೂ ಬಾಯಿ ಬಿಗಿಹಿಡಿದೆ. ಇವತ್ತು ಇಷ್ಟು ಜನ ಕಣ್ಣಾರೆ ನೋಡಿದರೆ ಹೆಸರು ಉಳಿಯುತ್ತದೆ ಅನ್ನುವ ಒಂದೇ ಆಸೆ.

ಮಿಷನ್ ಚಾಲೂ ಆಯಿತು. ಮೊದಲ ಸೀಳು ಬಿಳಿ. ಎರಡನೆಯದೂ ಬಿಳಿ. ಹಿರಿಯರು ಕುತ್ತಿಗೆ ಮುಂದೆ ಚಾಚಿದರು. ದಿಮ್ಮಿಯ ನಟ್ಟನಡುವಿಗೆ ಬಂದಾಗ ಎತ್ತು ಹೊಡೆಯುವ ಬಾರುಕೋಲಿನಷ್ಟು ಕಂದು ಗೆರೆ ಕಂಡಿತು. ಮುಂದಿನ ಸೀಳಿನಲ್ಲಿ ಅದೂ ಇಲ್ಲ. ಮಿಷನ್ ನಿಂತಿತು.

ನಾನು ಎದ್ದು ಬಂದೆ. "ಎಲ್ಲಾರೂ ನೋಡಿದ್ರಲ್ಲ? ಬಣ್ಣ ನಿಮ್ಮದು, ಕಣ್ಣು ನಿಮ್ಮದು. ಹೇಳ್ರಿ, ನಾ ಎಲ್ಲಿ ಕದ್ದೇನಿ?"

ಹಿರಿಯರು ನೆಲ ನೋಡಿದರು. ಬೀಗರು ಟೆಂಪೋ ಕಡೆ ನೋಡಿದರು. ಸಾವಕಾರರು ಮಾತ್ರ ಸೋಲಲಿಲ್ಲ. ಒಂದೊಂದು ಹಲಗೆ ಮಗುಚಿ ನೋಡಿದರು, ಕೊರೆಯುವವನ ಊಟದ ಡಬ್ಬಿ ತೆಗೆಸಿ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡು ಬಹಳ ಹೊತ್ತು ವಿಚಾರ ಮಾಡಿದರು. ಆಮೇಲೆ ಮುಖ ಒಮ್ಮೆಲೇ ಅರಳಿತು.

"ಗೊತ್ತಾತು!" ಅಂತ ನನ್ನ ಕಡೆ ಬೆರಳು ಮಾಡಿದರು. "ಗಿಡ ಹೊಲದಾಗ ನಿಂತಿದ್ದಾಗನ ತಗದೀರಿ ನೀವು!"

ಕೈಗೆ ಸಿಕ್ಕ ಬಿಳಿ ಸೀಳನ್ನು ಎತ್ತಿಕೊಂಡದ್ದು ಮಾತ್ರ ನೆನಪಿದೆ.

ಅಷ್ಟರಲ್ಲಿ ಅವರ ಹೆಂಡತಿ ರೊಟ್ಟಿ ಗಂಟು ಪಕ್ಕಕ್ಕಿಟ್ಟು, ಸೆರಗು ಸರಿಮಾಡಿಕೊಂಡು ಎದ್ದರು. ನೆಟ್ಟಗೆ ಬಂದು ನನ್ನ ಕೈಯೊಳಗಿನ ಸೀಳನ್ನು ಮೆಲ್ಲಗೆ ಇಸಿದುಕೊಂಡು ಕೆಳಗೆ ಇಟ್ಟರು.

"ಅಕ್ಕಾರ, ಸಿಟ್ಟಿಗೇಳಬ್ಯಾಡ್ರಿ" ಅಂದರು, ಎಲ್ಲರಿಗೂ ಕೇಳುವ ಹಾಗೆ. "ಕಡೀಲಾರದನ ಒಳಗಿಂದು ತಗ್ಯಾಕ ನಿಮಗ ಬರ್ತೈತಂದ್ರ ಭಾಳ ಚಲೋ ಆತು. ನಮ್ಮ ಮನಿಯಾರು ಇಲ್ಲೇ ನಿಂತಾರ. ಅವರ ತಲ್ಯಾಗ ಏನರ ಐತೇನು, ಒಂದೀಟು ತಗದು ನೋಡ್ರಿ."