ಸೋಡಿ ಬಿಟ್ಟ ಫುಟ್‌ಬಾಲ್ ಟಿಕೆಟ್ಟು

ಖಾಲಿ ಕುರ್ಚಿ ಕಂಡು ನಾನು ಯಾವತ್ತೂ ದುಃಖಪಟ್ಟವನಲ್ಲ. ಅಣ್ಣಿಗೇರಿಯಲ್ಲಿ ನನ್ನದು ಪೆಂಡಾಲು, ಕುರ್ಚಿ ಬಾಡಿಗೆ ಕೊಡುವ ಧಂದೆ. ಕುರ್ಚಿಯ ಮೇಲೆ ಜನ ಕುಳಿತರೂ ಬಾಡಿಗೆ ಬರುತ್ತದೆ, ಕೂರದಿದ್ದರೂ ಬರುತ್ತದೆ. ಕೂರದಿದ್ದರೆ ಒರೆಸುವ ಕೆಲಸ ಕಡಿಮೆ. ಭಾಷಣಕ್ಕೆ ಬಂದ ಸಾಹೇಬರು ಮುಂದಿನ ಸಾಲು ಖಾಲಿ ಇರುವುದನ್ನು ನೋಡಿ ಮುಖ ಸಣ್ಣದು ಮಾಡಿಕೊಂಡಾಗ ನಾನು ಹಿಂದೆ ಟೆಂಪೋದಲ್ಲಿ ಕುಳಿತು ಶೇಂಗಾ ತಿನ್ನುತ್ತಿದ್ದೆ. ಇಂಥ ಮನುಷ್ಯ ಖಾಲಿ ಸೀಟುಗಳ ಚಿಂತೆಯಲ್ಲಿ ಊಟ ಬಿಟ್ಟ ಎಂದರೆ ನನ್ನ ಕೆಲಸದ ಹುಡುಗರೇ ನಂಬುವುದಿಲ್ಲ.

ನನ್ನ ಹೆಂಡತಿ ಶಶಿಕಲಾ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿದ್ದಳು. ಕುಸ್ತಿ, ಕಬಡ್ಡಿ ಎಂದರೆ ಮಾತ್ರ ಎದ್ದು ಕೂರುವ ನಮ್ಮ ಕಡೆ ಆಕೆ ಹುಡುಗಿಯರಿಗೆ ಫುಟ್‌ಬಾಲ್ ಕಲಿಸಿದಳು. ಅವರ ಆಟ ನೋಡಲು ಬರುತ್ತಿದ್ದವರು ನಾನು ಮತ್ತು ಮೈದಾನದಲ್ಲಿ ಮೇಯುವ ಕೆಲವು ಎಮ್ಮೆಗಳು. ಎಮ್ಮೆಗಳು ಅರ್ಧ ಆಟಕ್ಕೆ ಎದ್ದು ಹೋಗುತ್ತಿದ್ದವು. ನನಗೆ ಹೋಗಲು ಧೈರ್ಯ ಇರಲಿಲ್ಲ. ಗೆರೆಯ ಪಕ್ಕದಲ್ಲಿ ನಿಂತು ಆಕೆ ಇಡೀ ಹೊತ್ತು ಹುಡುಗಿಯರನ್ನು ಬೈಯುತ್ತಿದ್ದಳು. ಮನೆಗೆ ಬಂದ ಮೇಲೆ, "ಒಮ್ಮೆರ ತುಂಬಿದ ಮೈದಾನದಾಗ ನನ್ನ ಹುಡುಗ್ಯಾರು ಆಡೂದು ನೋಡಬೇಕ್ರಿ" ಎನ್ನುತ್ತಿದ್ದಳು. ನೋಡಲಿಲ್ಲ. ಜ್ವರವೆಂದು ಮಲಗಿದವಳು ಏಳಲಿಲ್ಲ. ಇದರ ಬಗ್ಗೆ ಹೆಚ್ಚು ಬರೆಯಲು ನನಗೆ ಬರುವುದಿಲ್ಲ. ಹತ್ತನೆಯ ಇಯತ್ತೆಯವರೆಗೆ ಓದಿದವನು ನಾನು. ಅಲ್ಲಿ ನಿಬಂಧ ಬರೆದದ್ದು ಆಕಳಿನ ಮೇಲೆ ಮಾತ್ರ.

ಆಕೆ ಹೋಗಿ ವರ್ಷ ತುಂಬುವ ಮೊದಲೇ ಹುಡುಗಿಯರು ಮನೆಗೆ ಬಂದರು. ಅವರ ಕ್ಯಾಪ್ಟನ್ ರೇಣುಕಾ, "ಟೀಚರ್ ಹೆಸರಿಲೆ ಒಂದ ಮ್ಯಾಚ್ ಆಡ್ತೀವ್ರಿ ಸರ್. ಧಾರವಾಡ ಟೀಮ್ ಬರತೇತಿ" ಎಂದಳು. ನಾನು ಒಂದೇ ಮಾತು ಕೊಟ್ಟೆ, ಮೈದಾನ ತುಂಬಿಸುತ್ತೇನೆ ಎಂದು. ಒಂದು ಬದಿಗೆ ಕಲ್ಲಿನ ಮೆಟ್ಟಿಲು ಇದ್ದವು, ಉಳಿದ ಮೂರು ಬದಿಗೆ ನನ್ನ ಕುರ್ಚಿ ಹಾಕಿದರೆ ಸ್ಟೇಡಿಯಂ ಆಯಿತು. ಜನರನ್ನು ಬಾಡಿಗೆಗೆ ಕೊಡುವ ಅಂಗಡಿ ನನ್ನದಲ್ಲ ಎಂಬುದು ಆಮೇಲೆ ಹೊಳೆಯಿತು.

ಶಲವಡಿಯಿಂದ ನನ್ನ ಹೆಂಡತಿಯ ತಮ್ಮ ಈರಣ್ಣ ಬಂದ. ಅವನು ಮೊಬೈಲ್ ಅಂಗಡಿ ಇಟ್ಟವನು, ವ್ಯಾಪಾರದ ಮಾತು ಚೆನ್ನಾಗಿ ಬರುತ್ತದೆ. "ಮಾವ, ಪುಕ್ಕಟೆ ಅಂದ್ರ ಮಂದಿ ಕಿಮ್ಮತ್ತ ಕೊಡಂಗಿಲ್ಲ. ಟಿಕೆಟ್ ಇಡೂಣು. ರೊಕ್ಕಾ ಕೊಟ್ಟಾಂವ ಮಳಿ ಬಂದ್ರೂ ಬರ್ತಾನ" ಎಂದ. ಐವತ್ತು ರೂಪಾಯಿಯ ಟಿಕೆಟ್ ಅಚ್ಚು ಹಾಕಿಸಿದೆವು. ಯಾರೂ ಕೊಳ್ಳಲಿಲ್ಲ. ಈರಣ್ಣ ಹೆದರಲಿಲ್ಲ, ಆಟೋಕ್ಕೆ ಮೈಕು ಕಟ್ಟಿಸಿ ಸೋಡಿ ಬಿಟ್ಟಿದ್ದೇವೆ, ಅರ್ಧ ಬೆಲೆ ಎಂದು ಸಾರಿಸಿದ. ಮರುದಿನ ಒಂದು ಕೊಂಡರೆ ಇನ್ನೊಂದು ಪುಕ್ಕಟೆ. ಅದರ ಮರುದಿನ ಮಿರ್ಚಿ, ಮಂಡಕ್ಕಿ ಸೇರಿ ಹತ್ತು ರೂಪಾಯಿ. ಕೊನೆಗೆ, ಪೂರ್ತಿ ಆಟ ನೋಡಿದವರಿಗೆ ಆ ಹತ್ತೂ ವಾಪಸು ಎಂಬಲ್ಲಿಗೆ ಬಂದು ನಿಂತ.

ಬೆಲೆ ಇಳಿದಷ್ಟೂ ಊರಿಗೆ ಸಂಶಯ ಏರಿತು. ಚಹಾದ ಅಂಗಡಿಯಲ್ಲಿ ನಾನು ಬೆನ್ನು ಮಾಡಿ ಕುಳಿತಿದ್ದಾಗ ಒಬ್ಬ ರೈತ ಹೇಳುತ್ತಿದ್ದ: "ಅದರಾಗ ಏನೋ ಕುಂದ ಐತಿ. ಚೊಲೊ ಮಾಲ ಹಿಂಗ ಇಳೀತೈತೇನು?"

ಪಕ್ಕದವನು ಅವಸರ ಮಾಡಲಿಲ್ಲ. "ಕಡ್ಲಿ ರೇಟ್ ಏರೂತನಾ ಇಟಗೊಂಡ ಕುಂತೀವಿ. ಇದು ಇಳಿಯೂತನಾ ಕುಂದರಾಕ ಆಗಂಗಿಲ್ಲೇನು? ಇನ್ನೊಂದ ವಾರಕ್ಕ ಅವರ ನಮಗ ರೊಕ್ಕಾ ಕೊಟ್ಟ ಕರೀತಾರ ನೋಡ."

ನಾನು ಚಹಾ ಅರ್ಧಕ್ಕೇ ಬಿಟ್ಟು ಎದ್ದೆ. ಯಾಕೆಂದರೆ ಆ ದಿನ ಬೆಳಿಗ್ಗೆ ಈರಣ್ಣ ಅದೇ ಮಾತನ್ನು ಹೊಸ ಯೋಜನೆ ಎಂದು ನನಗೆ ವಿವರಿಸಿದ್ದ.

ಆ ಸಂಜೆ ನೀಲವ್ವ ಚಿಗವ್ವ ಬಂದಳು. ನನ್ನ ತಾಯಿಯ ತಂಗಿ. ನಮ್ಮ ಓಣಿಯಲ್ಲಿ ಯಾರು ಸತ್ತರೂ ಮುಂದೆ ನಿಂತು ಎಲ್ಲ ನಡೆಸುವವಳು. ಬಾಗಿಲಲ್ಲೇ ನಿಂತು ಕೇಳಿದಳು: "ಲೇ ಗುರಪ್ಪ, ಹೇಂತಿ ಹೆಸರಿಲೆ ಸೋಡಿ ಬಿಟ್ಟಿಯಂತಲ್ಲೋ. ಆಕಿ ಏನ ಅಂಗಡ್ಯಾಗ ಉಳದ ಸೀರೀನ?"

"ಹಂಗಲ್ಲ ಚಿಗವ್ವ, ಸೀಟು ತುಂಬಬೇಕಲ್ಲ."

"ಮನಿ ಮನಿಗೆ ಹೋಗಿ ಕರದೀಯೇನು? ಆಟೋದಾಗ ಒದರಿಸಿದ್ರ ಕಸದ ಗಾಡಿ ಬಂತಂತ ಮಂದಿ ಬಕೆಟ್ ಹಿಡಕೊಂಡ ಹೊರಗ ಬರ್ತಾರ. ಟಿಕೆಟ್ ಯಾರ ತಗೋತಾರ? ಅವನ್ನ ಒಲಿಗೆ ಹಾಕು. ನಾ ಕರದ ಬರ್ತೀನಿ."

ಸತ್ತವರ ಹೆಸರಿನ ಕೆಲಸಕ್ಕೆ ಕರೆಯುವಾಗ ನಮ್ಮಲ್ಲಿ ಕುಂಕುಮ ಹಚ್ಚುವುದಿಲ್ಲ, ಬಾಗಿಲಲ್ಲಿ ನಿಂತು ಬಾಯಿಂದ ಹೇಳಿ ಮುಂದೆ ಹೋಗುವುದು. ಚಿಗವ್ವ ಆಟದ ಅಂಗಿ ತೊಟ್ಟ ಹುಡುಗಿಯರನ್ನು ಹಿಂದೆ ಕಟ್ಟಿಕೊಂಡು ಊರೆಲ್ಲ ಸುತ್ತಿದಳು. "ಶಶಿಕಲಾ ಟೀಚರ್ ಹೆಸರಿಲೆ ಬಾಲ್ ಆಟ ಐತಿ. ಐತವಾರ ಮೈದಾನಕ್ಕ ಬರಬೇಕು" ಎಂದಷ್ಟೇ ಹೇಳಿದಳು. ಹತ್ತು ರೂಪಾಯಿಗೂ ಬಾರದ ಊರು ಪುಕ್ಕಟೆ ಎದ್ದು ಬಂತು. ಮೆಟ್ಟಿಲು ತುಂಬಿದವು, ಕುರ್ಚಿ ತುಂಬಿದವು. ಗೋಡೌನಿನಲ್ಲಿದ್ದ ಕಾಲು ಮುರಿದ ಕುರ್ಚಿಗಳನ್ನೂ ತರಿಸಿ ಮೈದಾನದ ಗೋಡೆಗೆ ಆನಿಸಿ ಇಟ್ಟೆ. ಅವೂ ತುಂಬಿದವು.

ಆದರೆ ಕರೆದ ರೀತಿಯಲ್ಲೇ ಬಂದರು. ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ಬಂಧುಬಳಗದವರು ಬುತ್ತಿ ತರುತ್ತಾರೆ. ಆಕೆ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲವಲ್ಲ, ಮನೆಗೊಂದರಂತೆ ಬುತ್ತಿ ಬಂತು. ರೊಟ್ಟಿ, ಝುಣಕ, ಮೊಸರನ್ನದ ಗಂಟುಗಳು ನನ್ನ ಮುಂದೆ ತಲೆಯೆತ್ತರ ಆದವು, ಅವುಗಳ ಮೇಲಿಂದ ಮೈದಾನ ಕಾಣಲು ನಾನು ತುದಿಗಾಲಲ್ಲಿ ನಿಂತೆ. ಹೆಂಗಸರು ತಲೆಯ ಮೇಲೆ ಸೆರಗು ಹೊದ್ದು, ಗಂಡಸರು ಟೋಪಿ ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ ಕುಳಿತರು. ಆಟ ಶುರುವಾದರೂ ತಲೆ ಎತ್ತಲಿಲ್ಲ. ಚೆಂಡು ಒದೆಯುವ ಸಪ್ಪಳ ಬಿಟ್ಟರೆ ಏನೂ ಕೇಳುತ್ತಿರಲಿಲ್ಲ. ರೆಫರಿ ಕೂಡ ಸೀಟಿಯನ್ನು ಮೆಲ್ಲಗೆ, ಮಲಗಿದ ಕೂಸು ಏಳಬಾರದು ಎಂಬಂತೆ ಊದತೊಡಗಿದ. ಧಾರವಾಡದ ಹುಡುಗಿಯೊಬ್ಬಳು ಗೋಲು ಹೊಡೆದು ಕೈ ಮೇಲೆತ್ತಿದಳು. ಸುತ್ತ ನೋಡಿ, ಮೆಲ್ಲಗೆ ಕೈ ಇಳಿಸಿ, ಮೆಟ್ಟಿಲುಗಳ ಕಡೆ ತಿರುಗಿ ನಮಸ್ಕಾರ ಮಾಡಿದಳು.

ಅರ್ಧ ಆಟಕ್ಕೆ ರೇಣುಕಾ ನನ್ನ ಹತ್ತಿರ ಓಡಿ ಬಂದಳು. ಕಣ್ಣಲ್ಲಿ ನೀರಿತ್ತು. "ಸರ್, ಇವರನ್ನ ಮನಿಗೆ ಕಳಸ್ರಿ. ಎಮ್ಮಿ ಇದ್ದಾಗನ ಚೊಲೊ ಇತ್ರಿ. ಕಾಲ ಏಳವಲ್ಲವು."

"ಮೈದಾನ ತುಂಬೇತಲ್ಲವ್ವ. ಟೀಚರ್‌ಗೆ ಇದ ಬೇಕಾಗಿತ್ತು."

"ಟೀಚರ್ ಇದ್ದಿದ್ರ ಬೈತಿದ್ರು. ಯಾರರ ಬೈರಿ ಸರ್."

ಅವಳು ಹೋದಳು. ನಾನು ಬುತ್ತಿಗಳ ಹಿಂದೆ ನಿಂತು ಯೋಚಿಸಿದೆ. ಮೈದಾನ ತುಂಬಿಸಿ ಕೊಟ್ಟದ್ದು ನಾನು, ಆ ತುಂಬಿದ ಮೈದಾನವೇ ಶಶಿಕಲಾಳ ಹುಡುಗಿಯರನ್ನು ಸೋಲಿಸುತ್ತಿತ್ತು. ಚಿಗವ್ವನಿಗೆ ಚಪ್ಪಾಳೆ ಹೊಡೆಸು ಎಂದೆ. ಅವಳು ನನ್ನನ್ನು ಅಸಹ್ಯದಿಂದ ನೋಡಿ, "ಸತ್ತಾಕಿ ಹೆಸರಿನ ಮ್ಯಾಗ ಚಪ್ಪಾಳಿ ಹೊಡೀತಾರೇನ ಮೂಳ? ನಿನ್ನ ಮನಿ ದುಃಖಕ್ಕ ನೀನ ಸುಮ್ನ ನಿಂತೀದಿ, ಮಂದಿ ಏನ ಮಾಡ್ಯಾರು?" ಎಂದಳು.

ನಾನು ಜೋರಾಗಿ ಮಾತಾಡಿದವನಲ್ಲ. ಬಾಡಿಗೆ ಬಾಕಿ ಕೇಳುವಾಗಲೂ ನನ್ನ ಮಾತು ಎದುರಿನವರಿಗೆ ಎರಡನೆಯ ಸಲಕ್ಕೆ ಕೇಳುತ್ತದೆ. ಆದರೆ ಶಶಿಕಲಾ ಬೈಯುತ್ತಿದ್ದುದನ್ನೆಲ್ಲ ನಾನು ಎಮ್ಮೆಗಳ ಜೊತೆ ನಿಂತು ಬಾಯಿಪಾಠ ಮಾಡಿದ್ದೆ. ಆಟ ಮತ್ತೆ ಶುರುವಾದಾಗ ಗೆರೆಯವರೆಗೆ ಹೋಗಿ, ಕಣ್ಣು ಮುಚ್ಚಿ ಕೂಗಿದೆ: "ಏ ರೇಣುಕಾ, ನಿದ್ದಿ ಮಾಡಾಕತ್ತೀಯೇನ ಬೇ? ಓಡ!"

ಇಡೀ ಊರು ತಲೆ ಎತ್ತಿತು. ಮೈದಾನದಲ್ಲಿ ನಮ್ಮ ಹನ್ನೊಂದೂ ಹುಡುಗಿಯರು ಒಮ್ಮೆ ಬೆಚ್ಚಿ, ಆಮೇಲೆ ಓಡಿದರು. ನಾನು ಮತ್ತೆ ಕೂಗಿದೆ, ದನಿ ಒಡೆಯಿತು. ಚಿಗವ್ವ ಓಡಿ ಬಂದು ನನ್ನ ತೋಳು ಹಿಡಿದಳು. "ಆತಪ್ಪ, ಆತು. ಇಷ್ಟ ದಿವಸ ಒಳಗ ಇಟಗೊಂಡಿದ್ದಿ. ತಗಿ ದನಿ" ಎಂದಳು.

ದುಃಖದ ಮನೆಯಲ್ಲಿ ಒಬ್ಬರು ದನಿ ತೆಗೆದು ಅತ್ತರೆ ಉಳಿದವರು ಸುಮ್ಮನೆ ಕೂರುವಂತಿಲ್ಲ. ಹಾಗೆ ಕೂತರೆ ಆ ಮನೆಗೆ ಅಪಮಾನ. ಚಿಗವ್ವ ಸೆರಗು ಬಾಯಿಗೆ ಹಿಡಿದು ರಾಗ ಎಳೆದಳು: "ಅಯ್ಯ ನನ್ನವ್ವಾ, ಓಡ ಬೇ... ಬಾಲ್ ಬಿಟ್ಟು ಎಲ್ಲಿ ಹೊಂಟೀಯವ್ವಾ..." ಹಿಂದಿನ ಸಾಲಿನ ಹೆಂಗಸರು ಎತ್ತಿಕೊಂಡರು. ಅಲ್ಲಿಂದ ಮೆಟ್ಟಿಲಿಗೆ ಹೋಯಿತು, ಮೆಟ್ಟಿಲಿನಿಂದ ಗಂಡಸರಿಗೆ. ಊರಿಗೆ ಊರೇ ಎದೆ ಬಡಿದುಕೊಂಡು "ಓಡ ಬೇ" ಎಂದು ಅತ್ತಿತು. ನಮ್ಮ ಹುಡುಗಿಯರು ಗಾಳಿಯಾದರು. ಧಾರವಾಡದ ಗೋಲ್‌ಕೀಪರಿಗೂ ಅಳು ತಡೆಯಲಿಲ್ಲ, ಅವಳು ಕಣ್ಣೊರೆಸಿಕೊಳ್ಳುವಾಗ ರೇಣುಕಾ ಹೊಡೆದ ಚೆಂಡು ಒಳಗೆ ಹೋಯಿತು. ಆಟ ಸಮ ಆಯಿತು. ಸಮ ಎಂದರೆ ಗೆದ್ದಂತೆಯೋ ಸೋತಂತೆಯೋ ಎಂದು ಯಾರೂ ಕೇಳಲಿಲ್ಲ. ಎರಡೂ ಟೀಮು, ಊರು, ರೆಫರಿ ಎಲ್ಲ ಕೂತು ಆ ಬುತ್ತಿ ಉಂಡೆವು.

ದುಃಖದ ಮನೆಯಿಂದ ಹೊರಡುವವರು "ಬರ್ತೀನಿ" ಎನ್ನಬಾರದು, ಸುಮ್ಮನೆ ಎದ್ದು ಹೋಗಬೇಕು. ಆ ಸಂಜೆ ಒಬ್ಬೊಬ್ಬರೂ ನನ್ನ ಮುಂದೆ ನಿಂತು, "ಬರ್ತೀವಿ ಗುರಪ್ಪಣ್ಣ, ಮುಂದಿನ ಆಟಕ್ಕ ಕರೀರಿ" ಎಂದು ಹೇಳಿಯೇ ಹೋದರು. ಚಿಗವ್ವ ಅದನ್ನು ಕೇಳಿಸಿಕೊಂಡೂ ಯಾರನ್ನೂ ಬೈಯಲಿಲ್ಲ. ಉತ್ತರ ಕೊಡಲು ನಾನು ಬಾಯಿ ತೆರೆದೆ, ದನಿ ಇರಲಿಲ್ಲ. ಕೈ ಮುಗಿದೆ.

ಕೂಗಿ ಕೂತ ಗಂಟಲು ಬಹಳ ದಿನ ಏಳಲಿಲ್ಲ. ಅಂಗಡಿಗೆ ಬಂದವರಿಗೆ ಕೈಸನ್ನೆಯಲ್ಲಿ ಬಾಡಿಗೆ ಹೇಳುತ್ತಿದ್ದೆ. ಹೆಂಡತಿಯ ಹೆಸರಿನಲ್ಲಿ ನಾನು ಮೌನವ್ರತ ಹಿಡಿದಿದ್ದೇನೆ ಎಂದು ಊರಲ್ಲಿ ಹಬ್ಬಿತು. ಜನ ಚೌಕಾಸಿ ಮಾಡದೆ ದುಡ್ಡಿಟ್ಟು ಹೋದರು, ಹೊಸದಾಗಿ ಮದುವೆಯಾದವರನ್ನು ಕರೆತಂದು ದೂರದಿಂದ ನನ್ನನ್ನು ತೋರಿಸಿದರು. ಎಳೆಯ ಹುಡುಗಿಯರನ್ನು ಬೈದು ಬೈದು ಗಂಟಲು ಹರಿದುಕೊಂಡವನು ನಾನು ಎಂದು ತಿಳಿಸಿ ಹೇಳಲು ಬಾಯಿಯೇ ಇರಲಿಲ್ಲ. ಬಾಯಿ ಬಂದ ಮೇಲೂ ಎರಡು ದಿನ ಸುಮ್ಮನೇ ಇದ್ದೆ. ಅಷ್ಟು ಮರ್ಯಾದೆ ನನಗೆ ಮಾತಾಡಿ ಎಂದೂ ಸಿಕ್ಕಿರಲಿಲ್ಲ.